ಎರಡು ಗಂಟೆಯೊಳಗೊಂದು ನಿದ್ದೆ

ನೆಲ ಒರೆಸುವ ಕೋಲು ಮಂಚದ ಕಾಲಿಗೆ ಮತ್ತೆ ಬಡಿಯಿತು, ಠಕ್, ಈಗಷ್ಟೇ ಕಣ್ಣಿಗೆ ಕಣ್ಣು ಹತ್ತಿತ್ತಲ್ಲ, ಹತ್ತಿದ ಕೂಡಲೇ ಠಕ್, ಈ ಆಯಾಗೆ ಹದಿನಾಲ್ಕನೇ ಮಂಚದ ಕೆಳಗೇ ಯಾಕೆ ಇಷ್ಟು ಕೊಳೆ ಕಾಣುತ್ತದೋ, ಫಿನಾಯಿಲಿನ ವಾಸನೆ ಮೂಗಿನಿಂದ ಸೀದಾ ತಲೆಗೇರುತ್ತದೆ, ಒಟಿಲಿಯಾ ಕಣ್ಣು ತೆರೆಯಲಿಲ್ಲ, ತೆರೆದರೆ ಮುಗಿಯಿತು, ಹೇಗಿದ್ದೀರಿ ತಾಯಿ ಅನ್ನುತ್ತಾಳೆ, ಚೆನ್ನಾಗಿದ್ದೇನೆ ಅನ್ನಬೇಕು, ಚೆನ್ನಾಗಿದ್ದರೆ ಇಲ್ಲಿ ಯಾಕೆ ಬಿದ್ದಿರುತ್ತಿದ್ದಳು — ಮಲಗಬೇಕು, ಎರಡು ಗಂಟೆಯೊಳಗೆ ಮಲಗಬೇಕು, ಅಷ್ಟೇ. ಬೆಳಿಗ್ಗೆ ಡಾಕ್ಟರ್ ಮ್ಹೊಂಡಾ ಮಂಚದ ತುದಿಯಲ್ಲಿ ನಿಂತು, ನೋಡಿ ತಾಯಿ, ಬಿಪಿಯ ಮೇಲಿನ ಅಂಕಿ ನೂರ ಅರವತ್ತೆಂಟು, ನೂರೈವತ್ತಕ್ಕೆ ಇಳಿಯದೆ ನಾನು ಕತ್ತಿ ಹಿಡಿಯೋದಿಲ್ಲ, ಎರಡು ಗಂಟೆಗೆ ಸಿಸ್ಟರ್ ಮತ್ತೆ ನೋಡ್ತಾರೆ, ಇಳಿದಿದ್ರೆ ನಾಳೆ ಮೊದಲನೇ ಹೆಸರು ನಿಮ್ಮದೇ, ಇಲ್ದಿದ್ರೆ ನಾನು ಹರಾರೆಯಿಂದ ಮತ್ತೆ ಬರೋದು ಎರಡು ತಿಂಗಳು ಬಿಟ್ಟು, ಅಲ್ಲೀತನಕ ಗರ್ಭಕೋಶದ ಆ ಗಡ್ಡೆಯಿಂದ ಹೀಗೇ ರಕ್ತ ಹೋಗ್ತಾ ಇದ್ರೆ ನಾನೇನೂ ಭರವಸೆ ಕೊಡೋಕಾಗಲ್ಲ, ಮಾತ್ರೆ ಎಲ್ಲ ಕೊಟ್ಟಾಯ್ತು, ಇನ್ನುಳಿದಿರೋದು ನಿದ್ದೆ, ನಿದ್ದೆ ಮಾಡಿ. ನಿದ್ದೆ ಮಾಡಿ! ಅಂಗಡಿಯಿಂದ ಒಂದು ಸೋಪು ತನ್ನಿ ಅಂದಷ್ಟು ಸಲೀಸಾಗಿ. ಎಲ್ಲಿಂದ ತರುವುದು ನಿದ್ದೆ, ಬೆಳಗಿನ ಜಾವ ನಾಲ್ಕಕ್ಕೆ ಮೈ ಒರೆಸಬೇಕು ಏಳಿ, ಐದಕ್ಕೆ ಹಾಸಿಗೆ ಬದಲಿಸಬೇಕು ಏಳಿ, ಐದೂವರೆಗೆ ಗಂಜಿ, ಏಳಿ, ಒಬ್ಬಳಂತೂ ಭುಜ ಹಿಡಿದು ಅಲ್ಲಾಡಿಸಿ ನಿದ್ದೆ ಬಂತಾ ಎಂದು ಕೇಳಿದಳು, ಬಂದಿತ್ತು ಮಹಾತಾಯಿ, ನೀನು ಬಂದೆ, ಅದು ಹೋಯಿತು. ಎದುರಿನ ಗೋಡೆ ಗಡಿಯಾರದಲ್ಲಿ ಹನ್ನೆರಡೂ ಮುಕ್ಕಾಲು.

ನರ್ಸುಗಳನ್ನಾದರೂ ಕ್ಷಮಿಸಬಹುದು, ಅವರಿಗೆ ಸಂಬಳ ಅದಕ್ಕೇ ಕೊಡುತ್ತಾರೆ, ತನ್ನವರನ್ನು ಏನು ಮಾಡುವುದು, ಬೆಳಿಗ್ಗೆ ಆರಕ್ಕೆ ಬಾಗಿಲು ತೆರೆದದ್ದೇ ಗಂಡನ ಚಿಕ್ಕಪ್ಪನ ಕಡೆಯವರು ಐದು ಜನ, ಒಬ್ಬೊಬ್ಬರೂ ಕೂತು ಕೈ ತಟ್ಟಿ ಹೇಗೆ ಮಲಗಿದ್ರಿ ತಫಾರನಮ್ಮ, ಮಗನ ಹೆಸರಿನಿಂದಲೇ ಕರೆಯುತ್ತಾರೆ, ಒಬ್ಬೊಬ್ಬರಿಗೂ ಎದ್ದು ಕೂತು, ಸೂಜಿ ಚುಚ್ಚಿದ ಕೈಯನ್ನೇ ಬೊಗಸೆ ಮಾಡಿ ತಟ್ಟಿ, ನೀವು ಮಲಗಿದ್ರೆ ನಾನೂ ಮಲಗಿದ್ದೇನೆ ಅನ್ನಬೇಕು, ಮಾತು ಬಂದಾಗಿನಿಂದ ಅದೇ ಉತ್ತರ, ಎಂಥ ಸುಳ್ಳು — ಅವರು ಮಲಗಿದ್ದರು, ಗಡದ್ದಾಗಿ ಮಲಗಿದ್ದರು, ಕೆನ್ನೆಯ ಮೇಲೆ ದಿಂಬಿನ ಗೆರೆ ಇನ್ನೂ ಮಾಸಿರಲಿಲ್ಲ. ಆಮೇಲೆ ಕಥೆ, ಯಾವಾಗ ಶುರುವಾಯ್ತು, ಮೊದಲು ಎಷ್ಟು ಹೋಗ್ತಿತ್ತು, ಮೊದಲಿನಿಂದ ಹೇಳಬೇಕು, ಬಂದವರಿಗೆಲ್ಲ ಮೊದಲಿನಿಂದ, ಅರ್ಧದಿಂದ ಹೇಳಿದರೆ ಅವಮಾನ, ತನ್ನ ರಕ್ತದ ಕಥೆಯನ್ನು ಈ ಮೂರು ದಿನದಲ್ಲಿ ಎಂಟು ಸಲ ಹೇಳಿದ್ದಾಳೆ, ಈಗ ಪಾಠ ಒಪ್ಪಿಸಿದ ಹಾಗೆ ಬರುತ್ತದೆ. ಇದೆಲ್ಲ ಜೊಸಾಯಾನ ಕೆಲಸ, ಪುಣ್ಯಾತ್ಮ ಗಂಡ, ಜೋಳದ ಲಾರಿ ಓಡಿಸಿಕೊಂಡು ಗಡಿಯ ಆಚೆ ಎಲ್ಲೋ ಇದ್ದಾನೆ, ಅಲ್ಲಿಂದಲೇ ಇಡೀ ಕುಲದ ವಾಟ್ಸಾಪಿಗೆ ಹಾಕಿದ, ಮೇಲಿನ ಮಹಡಿ, ಹೆಂಗಸರ ವಾರ್ಡು, ಹದಿನಾಲ್ಕನೇ ಮಂಚ, ದಯವಿಟ್ಟು ಅವಳನ್ನು ಒಂಟಿ ಬಿಡಬೇಡಿ, ಫೋನಿನಲ್ಲಿ ಅವಳು ಬೇಡ ಜೊಸಾಯಾ, ಯಾರೂ ಬರೋದು ಬೇಡ, ನನಗೆ ನಿದ್ದೆ ಬೇಕು ಅಂದರೆ, ಏ ಹುಚ್ಚಿ, ಯಾರೂ ಬರದಿದ್ರೆ ಜನ ಏನಂದ್ಕೋತಾರೆ, ನಿನಗ್ಯಾರೂ ದಿಕ್ಕಿಲ್ಲ ಅಂತಾರೆ. ಒಂಬತ್ತನೇ ಮಂಚದವಳಿಗೆ ದಿಕ್ಕಿಲ್ಲ. ಎಲ್ಲರೂ ಲೊಚಗುಟ್ಟುತ್ತಾರೆ, ಪಾಪ, ಒಂದು ನರಪಿಳ್ಳೆ ಬರಲ್ಲ ಅವಳನ್ನ ನೋಡೋಕೆ, ಅವಳು ಮಧ್ಯಾಹ್ನವಿಡೀ ಬಾಯಿ ತೆರೆದುಕೊಂಡು ಗೊರಕೆ ಹೊಡೆಯುತ್ತಾಳೆ, ನಿನ್ನೆ ಅವಳ ಬಿಪಿ ನೂರಿಪ್ಪತ್ತು ಅಂದರು, ಒಟಿಲಿಯಾಗೆ ಹೊಟ್ಟೆ ಉರಿದು ಹೋಯಿತು.

ಗಂಟೆ ಬಾರಿಸಿದರು, ಒಂದಾಯಿತು, ಮೆಟ್ಟಿಲ ಮೇಲೆ ಚಪ್ಪಲಿಗಳು, ಟಿಫಿನ್ ಡಬ್ಬಿಗಳು, ಕಣ್ಣು ಮುಚ್ಚಿಕೊಂಡಿರು, ಮುಚ್ಚಿಕೊಂಡೇ ಇರು — ಏನೇ ನಮ್ಮನೆ ಸೊಸೆ, ರಾಣಿ ಹಾಗೆ ಬಿದ್ಕೊಂಡಿದ್ದೀಯ, ನಮಗೂ ಸ್ವಲ್ಪ ಜಾಗ ಬಿಡು! ತೇತೆ ಸೆಕೆಸಾಯಿ, ಗಂಡನ ಅಕ್ಕ, ತೇತೆ ಅಂದರೆ ಈ ಮನೆತನದಲ್ಲಿ ಅರ್ಧ ಅಪ್ಪ, ಅರ್ಧ ಪೊಲೀಸು, ಇವತ್ತು ಗುರುವಾರ ಬೇರೆ, ಚರ್ಚಿನ ತಾಯಂದಿರ ಸಂಘದ ದಿನ, ಕೆಂಪು ಕುಪ್ಪಸ, ಬಿಳಿ ಟೋಪಿ, ಏಳು ಜನ, ಕೈಯಲ್ಲಿ ಗಿಲಕಿ, ದೇವರೇ, ಗಿಲಕಿ ಕೂಡ ತಂದಿದ್ದಾರೆ. ಎದ್ದು ಕೂತಳು, ಕಾಲು ಮಡಿಸಿ, ಕೈ ತಟ್ಟಿ, ಹಗಲು ಹೇಗೆ ಕಳೆದಿರಿ, ನೀವು ಕಳೆದಿದ್ರೆ ನಾನೂ ಕಳೆದೆ, ಏಳು ಸಲ, ಸೂಜಿಯ ಸುತ್ತ ಕೈ ಊದಿ ಬಿಗಿಯುತ್ತಿದೆ, ತೇತೆ, ಡಾಕ್ಟರು ನನಗೆ ಮಲಗು ಅಂದಿದ್ದಾರೆ, ಎರಡು ಗಂಟೆಗೆ ನೋಡ್ತಾರೆ, ಇಳೀದಿದ್ರೆ ನಾಳೆ ಆಪರೇಷನ್ ಇಲ್ಲ. ಅಯ್ಯೋ ಮಲಗು, ಯಾರು ಬೇಡ ಅಂದ್ರು, ನಾವು ಹಾಡ್ತಾ ಇರ್ತೀವಿ, ನೀನು ಮಲಗು. ಹಾಡಿದರು. ಛಾವಣಿಯ ತಗಡು ನಡುಗುವ ಹಾಗೆ ಹಾಡಿದರು, ಗಿಲಕಿ ಕಿವಿಯ ಪಕ್ಕದಲ್ಲೇ ಝಕ್ ಝಕ್, ಹದಿಮೂರನೇ ಮಂಚದ ಮುದುಕಿ ತಾಳ ಹಾಕುತ್ತಾಳೆ, ಕಿವುಡಿ, ಅವಳಿಗೇನು, ಒಬ್ಬಾಕೆ ತಲೆಯ ಮೇಲೆ ಕೈಯಿಟ್ಟು ರಕ್ತವೇ ನಿಲ್ಲು, ರಕ್ತವೇ ನಿಲ್ಲು ಎಂದು ಗದರಿಸುತ್ತಿದ್ದಾಳೆ, ತಾಯಿ, ನೀನು ಮೊದಲು ನಿಲ್ಲಿಸು, ಅದು ಆಮೇಲೆ ತಾನೇ ನಿಲ್ಲುತ್ತದೆ — ಹೇಳಲಿಲ್ಲ, ಮದುವೆಯಾದ ಇಪ್ಪತ್ತೆರಡು ವರ್ಷದಲ್ಲಿ ಏನನ್ನೂ ಹೇಳಲಿಲ್ಲ, ಹಲ್ಲು ಕಚ್ಚಿಕೊಂಡು ಆಮೆನ್ ಅಂದಳು.

ಒಂದೂವರೆ. ಹಾಡು ನಿಂತ ನಡುವೆ ತೇತೆ ಕಿವಿಯ ಹತ್ತಿರ ಬಗ್ಗಿ, ಅಪ್ಪನೂ ಬಂದಿದ್ದಾನೆ, ಮಂಡಿ ನೋವಲ್ವಾ, ಮೆಟ್ಟಿಲು ನಿಧಾನ ಹತ್ತುತ್ತಾ ಇದ್ದಾನೆ, ತಲೆಗೆ ಬಟ್ಟೆ ಕಟ್ಕೋ, ಕೆಳಗಿಳಿ. ಕೆಳಗಿಳಿ. ಮಾವ ಬರುತ್ತಾರೆ, ಸಿಂಹದ ಕುಲದ ಹಿರಿಯ, ಹೆಸರು ಹಿಡಿಯುವಂತಿಲ್ಲ, ಶುಂಬಾ, ಅಂದರೆ ಸಿಂಹ, ಅನ್ನಬೇಕು, ಅವರ ಮುಂದೆ ಸೊಸೆ ಮಂಚದ ಮೇಲಿರುವುದುಂಟೇ, ಕಾಲು ಚಾಚುವುದುಂಟೇ, ಮದುವೆಯ ಹಿಂದಿನ ದಿನ ಅವಳ ಸೋದರತ್ತೆ ನಕ್ಕೊಂಡು ಹೇಳಿದ್ದಳು, ಮಾವನ ಎದುರು ಕಾಲು ಚಾಚ್ಬೇಡ ಕಣೇ, ಸತ್ತಮೇಲೆ ಚಾಚೋಕೆ ಬೇಕಾದಷ್ಟು ಹೊತ್ತಿರುತ್ತೆ, ಎಲ್ಲರೂ ನಕ್ಕಿದ್ದರು, ಅವಳೂ ನಕ್ಕಿದ್ದಳು, ಆಗ ಅವಳಿಗೆ ಹತ್ತೊಂಬತ್ತು ವರ್ಷ. ತಫಾರಾ ಹುಟ್ಟಿದ ಮೂರನೇ ದಿನ ಮಾವ ಮಗುವನ್ನು ನೋಡಲು ಬಂದರು, ಅವಳು ಚಾಪೆಯಿಂದ ಎದ್ದು ಮಂಡಿಯೂರಿದಳು, ಒಂದು ಹೊಲಿಗೆ ಬಿಚ್ಚಿಕೊಂಡಿತು, ಮಂಡಿಯೂರಿಯೇ ನೀರು ಕೊಟ್ಟಳು, ಅವರು ಕುಡಿದರು, ಲೋಟ ವಾಪಸು ಕೊಡುವಾಗಲೂ ಮುಖ ನೋಡಲಿಲ್ಲ, ನೋಡಬಾರದು, ಅದೂ ಮರ್ಯಾದೆಯೇ. ಮತ್ತೆ ಹೋದ ಸಲ, ಏಪ್ರಿಲ್‌ನಲ್ಲಿ, ಇದೇ ವಾರ್ಡು, ಇದೇ ಡಾಕ್ಟರು, ಎರಡಕ್ಕೆ ಹತ್ತು ನಿಮಿಷ ಇದ್ದಾಗ ಮಾವ ಬಂದರು, ಅವಳು ಇಳಿದು ತಣ್ಣನೆ ಸಿಮೆಂಟಿನ ಮೇಲೆ ಕೂತಳು, ತೊಡೆಯ ನಡುವೆ ಬಿಸಿಯಾಗಿ ಇಳಿಯುತ್ತಿತ್ತು, ಮಂಡಿಯ ಕೆಳಗೆ ಅಂಟುತ್ತಿತ್ತು, ಅವರು ಮಳೆ, ದನ, ಪಾದ್ರಿಯ ವರ್ಗಾವಣೆ ಎಲ್ಲ ಮಾತಾಡಿ ಎದ್ದರು, ಎರಡಕ್ಕೆ ಸಿಸ್ಟರ್ ನೋಡಿದರೆ ನೂರ ಎಪ್ಪತ್ತೆರಡು, ಹೆಸರು ಹೊಡೆದುಹಾಕಿದರು, ಮಾವ ಹೋಗುತ್ತಾ ದೇವರು ದೊಡ್ಡವನು ಅಂದರು. ಯಾರು ಅವಳನ್ನು ಕೆಳಗೆ ಎಳೆದರು? ಯಾರೂ ಎಳೆಯಲಿಲ್ಲ, ಅವಳ ಮಂಡಿಗಳೇ ಇಳಿದವು, ಅವುಗಳ ಮೇಲೇ ಸಿಟ್ಟು ಬರುತ್ತದೆ, ಕಡಿದು ಹಾಕಬೇಕು ಅನ್ನಿಸುತ್ತದೆ.

ಇಳಿಯುವುದಿಲ್ಲ. ಇವತ್ತು ಇಳಿಯುವುದಿಲ್ಲ, ಏನಾದರೂ ಆಗಲಿ, ದಿಂಬಿಗೆ ತಲೆ ಕೊಟ್ಟಳು, ಕಾಲು ಚಾಚಿದಳು, ಪೂರ್ತಿ, ಹೆಬ್ಬೆರಳು ಮಂಚದ ಕಂಬಿಗೆ ತಾಗುವಷ್ಟು, ಕಣ್ಣು ಮುಚ್ಚಿದಳು. ಏಳೇ, ಅಪ್ಪ ಬಾಗಿಲಲ್ಲಿದ್ದಾನೆ. ಏಳಲಿಲ್ಲ. ತಫಾರನಮ್ಮ! ಉಸಿರು ನಿಧಾನ ಬಿಟ್ಟಳು, ಎದೆ ಮಾತ್ರ ಒಳಗೆ ಜೋಳ ಕುಟ್ಟುತ್ತಿದೆ, ಕೋಲು ಊರುವ ಸದ್ದು ಹತ್ತಿರ ಬಂತು, ಮಾವನ ಕೈಚಪ್ಪಾಳೆ, ಮೆಲ್ಲಗೆ, ಒಣಗಿದ ಕೈಗಳದ್ದು, ಅದಕ್ಕೆ ಉತ್ತರ ಕೊಡದೆ ಯಾವ ಸೊಸೆಯೂ ಇದ್ದದ್ದಿಲ್ಲ, ಇನ್ನೊಮ್ಮೆ ತಟ್ಟಿದರು, ಆಮೇಲೆ ತೇತೆ — ಅಯ್ಯಯ್ಯೋ! ಮಾವ ಬಂದ್ರೂ ಏಳ್ಲಿಲ್ಲ, ಹೋದ್ಲು, ನಮ್ಮ ಹುಡುಗಿ ಕೈಬಿಟ್ಟು ಹೋದ್ಲು! ಏಳು ಕೆಂಪು ಕುಪ್ಪಸಗಳೂ ಒಟ್ಟಿಗೆ ಬಾಯಿ ತೆರೆದವು, ಒಬ್ಬಾಕೆ ನೆಲಕ್ಕೆ ಬಿದ್ದೇಬಿಟ್ಟಳು, ಇನ್ನೊಬ್ಬಾಕೆ ಆಗಲೇ ಸಾವಿನ ಮನೆಯ ಹಾಡು ಎತ್ತಿದಳು, ಎಷ್ಟು ಸಿದ್ಧವಾಗಿತ್ತು ಆ ಹಾಡು, ನಾಲಿಗೆಯ ತುದಿಯಲ್ಲೇ, ಬದುಕಿರುವ ಸೊಸೆ ಮಲಗಿರಬಹುದು ಅಂತ ಈ ಏಳು ತಲೆಗಳಲ್ಲಿ ಒಂದಕ್ಕೂ ಹೊಳೆಯಲಿಲ್ಲವಲ್ಲ, ಸತ್ತರೆ ಮಾತ್ರ ಮಲಗಬಹುದು ಇವರ ಲೆಕ್ಕದಲ್ಲಿ, ಎದ್ದು ಕೂತು ಒಂದೊಂದು ಕೆನ್ನೆಗೂ ಬಾರಿಸಬೇಕು, ಎದ್ದರೆ ಕಾಲು ಮಡಿಸಬೇಕು, ಏಳಲಿಲ್ಲ, ರೆಪ್ಪೆ ಮಾತ್ರ ಅದುರಿತು.

ಬಾಯ್ಮುಚ್ಚು ಸೆಕೆಸಾಯಿ. ಮಾವನ ಧ್ವನಿ, ಗಟ್ಟಿಯೇನಲ್ಲ. ಉಸಿರಾಡ್ತಾ ಇದ್ದಾಳೆ, ಕಣ್ಣಿಲ್ವಾ ನಿನಗೆ. ಎಲ್ರೂ ಕೆಳಗೆ ಹೋಗಿ, ಮರದ ಹತ್ತಿರ ಕೂತ್ಕೊಂಡು ಹಾಡಿ. ಅಪ್ಪಾ, ಅವಳು — ಹೋಗು ಅಂದೆ. ಹೋದರು, ಗಿಲಕಿಗಳು ಮೆಟ್ಟಿಲಿಳಿದವು, ಮಾವ ಹೋಗಲಿಲ್ಲ, ಅವರ ಉಸಿರು ಕೇಳುತ್ತಿದೆ, ಹೊಗೆಸೊಪ್ಪಿನ ವಾಸನೆ, ಕುರ್ಚಿಯ ಕಾಲು ನೆಲಕ್ಕೆ ಕಿರ್ರೆಂದು ತಿರುಗಿತು, ಕೂತರು, ಅವಳು ಒಂದು ರೆಪ್ಪೆಯನ್ನು ಕೂದಲೆಳೆಯಷ್ಟು ಎತ್ತಿ ನೋಡಿದಳು. ಬೆನ್ನು. ಮಾವ ಗೋಡೆಗೆ ಮುಖ ಮಾಡಿ, ಅವಳಿಗೆ ಬೆನ್ನು ಹಾಕಿ ಕೂತಿದ್ದಾರೆ, ಕಂದು ಕೋಟಿನ ಬೆನ್ನು, ಭುಜದ ಹತ್ತಿರ ಸವೆದು ಬೆಳ್ಳಗಾಗಿದೆ, ಟೋಪಿ ತೊಡೆಯ ಮೇಲೆ. ಗೋಡೆಗೆ ಹೇಳುವವರ ಹಾಗೆ ಹೇಳಿದರು, ನನಗೀಗ ಏನೂ ಕಾಣಲ್ಲಮ್ಮಾ, ಮಲಕ್ಕೋ.

ಮಲಕ್ಕೋ. ಇಷ್ಟೇ ಆಗಿತ್ತೇ? ಕುರ್ಚಿ ತಿರುಗಿಸುವುದು, ಅಷ್ಟೇ ಸಾಕಾಗಿತ್ತೇ, ಮರ್ಯಾದೆ ಮುಕ್ಕಾಗಲಿಲ್ಲ, ಕುಲ ಮುಳುಗಲಿಲ್ಲ, ಹಿರಿಯರು ಯಾರೂ ಗೋರಿಯಿಂದ ಎದ್ದು ಬರಲಿಲ್ಲ, ಒಬ್ಬ ಮುದುಕ ಕುರ್ಚಿ ತಿರುಗಿಸಿದ, ಏಪ್ರಿಲ್‌ನಲ್ಲೂ ಕುರ್ಚಿ ಇತ್ತು, ಇದೇ ಕುರ್ಚಿ, ಮೂರನೇ ದಿನದ ಬಾಣಂತಿಯ ಗುಡಿಸಲಲ್ಲಿ ಮಣೆ ಇತ್ತು, ಮಣೆಯನ್ನು ತಿರುಗಿಸಬಹುದಿತ್ತು, ಇಪ್ಪತ್ತೆರಡು ವರ್ಷ ಆ ಬೆನ್ನು ಎಲ್ಲಿತ್ತು, ಗೊತ್ತಿತ್ತು ಇವರಿಗೆ, ಗೊತ್ತಿದ್ದೂ ಮುಖ ಮಾಡಿಯೇ ಕೂತರು, ನೀರು ಕುಡಿದರು, ಮಳೆಯ ಮಾತಾಡಿದರು — ಮಲಗು, ಮಲಗು ಒಟಿಲಿಯಾ, ಇನ್ನು ಹತ್ತು ನಿಮಿಷ ಇದೆ, ವಾರ್ಡು ನಿಶ್ಶಬ್ದವಾಗಿದೆ, ಇಂಥ ನಿಶ್ಶಬ್ದ ಮೂರು ದಿನದಲ್ಲಿ ಸಿಕ್ಕಿರಲಿಲ್ಲ, ಕಾಲು ಚಾಚಿದೆ, ಕಣ್ಣು ಮುಚ್ಚಿದೆ, ಮುಚ್ಚಿದ ಕಣ್ಣೊಳಗೆ ಕಂದು ಕೋಟಿನ ಬೆನ್ನು, ಮಗ್ಗುಲಾದರೆ ಬೆನ್ನು, ಒಂದರಿಂದ ಎಣಿಸಿದರೆ ಏಳಕ್ಕೆ ಬೆನ್ನು, ಕಿವಿಯೊಳಗೆ ರಕ್ತ ದಬದಬ ಬಡಿಯುತ್ತಿದೆ, ಒಳ್ಳೆಯದು ಮಾಡಿದ್ದಾರೆ, ಇವತ್ತು ಒಳ್ಳೆಯದು ಮಾಡಿದ್ದಾರೆ, ಅದಕ್ಕೇ ಇಷ್ಟು ಸಿಟ್ಟು, ಕೆಟ್ಟವರಾಗಿದ್ದರೆ ಮಲಗಿಬಿಡುತ್ತಿದ್ದಳು.

ತೋಳಿಗೆ ಪಟ್ಟಿ ಸುತ್ತಿದರು, ಸಿಸ್ಟರ್ ಚಿಗುಂಬಾಳ ತಣ್ಣನೆ ಬೆರಳು, ಪುಸ್ ಪುಸ್ ಎಂದು ಗಾಳಿ, ತೋಳು ಬಿಗಿಯುತ್ತಿದೆ, ಬಿಗಿಯುತ್ತಿದೆ, ಬಿಟ್ಟರು. ಇನ್ನೊಮ್ಮೆ ಸುತ್ತಿದರು. ನೂರ ಎಂಬತ್ತೊಂದು, ಇದೇನು ತಾಯಿ, ಈಗ ಇಷ್ಟು ನೆಮ್ಮದಿಯಾಗಿ ಮಲಗಿದ್ರಲ್ಲ, ಯಾರೂ ಎಬ್ಬಿಸಲಿಲ್ವಲ್ಲ. ಪೆನ್ನು ಹಲಗೆಯ ಮೇಲಿನ ಪಟ್ಟಿಯಲ್ಲಿ ಅವಳ ಹೆಸರಿನ ಮೇಲೆ ಒಂದು ಗೆರೆ ಎಳೆಯಿತು. ಎಷ್ಟಂತೆ, ಎಂದು ಗೋಡೆಯನ್ನು ಕೇಳಿದರು ಮಾವ, ತಿರುಗದೆ, ಈಗಲೂ ತಿರುಗದೆ, ಅವಳಿಗೆ ಕಾಣುತ್ತಿರುವುದು ಬೆನ್ನು, ಕಂದು ಕೋಟಿನ ಬೆನ್ನು, ಅದು ಅಲುಗುವುದಿಲ್ಲ, ಆ ಬೆನ್ನು, ಆ ಬೆನ್ನು