ಬಾಯಿಯಿಲ್ಲದ ಕಾಲುಚೀಲ

ನಾನು ಒಂದು ಕಾಲುಚೀಲ. ಹಾಗಂತ ಎಲ್ಲರೂ ಹೇಳುತ್ತಾರೆ. ನನಗೇ ಪೂರ್ತಿ ನಂಬಿಕೆಯಿಲ್ಲ. ಕಾಲುಚೀಲವೆಂದರೆ ಒಳಗೆ ಕಾಲು ಹೋಗಬೇಕಲ್ಲ? ಈ ಹದಿನೇಳು ವರ್ಷದಲ್ಲಿ ನನ್ನೊಳಗೆ ಯಾರದೂ ಒಂದು ಕಿರುಬೆರಳು ಹೋಗಿಲ್ಲ. ಕಾಲುಚೀಲವೆಂದರೆ ಜೋಡಿ ಇರಬೇಕು. ನಾನು ಹುಟ್ಟಿದ್ದೇ ಒಂಟಿ. ಅಳತೆಯಂತೂ ಆನೆಮರಿಗೆ ಹೊಲಿದ ಹಾಗಿದೆ. ಇನ್ನು ನನ್ನನ್ನು ಏನೆಂದು ಕರೆಯಬೇಕೋ, ನೀವೇ ಓದಿ ಹೇಳಿ.

ಹುಟ್ಟಿದ್ದು ಯಾವಾಗ ಎಂದು ಕೇಳಿದರೆ ಇನ್ನೂ ಫಜೀತಿ. ನನ್ನ ಹಿಮ್ಮಡಿಗೆ ಇಳಕಲ್ ಸೀರೆಯ ಸೆರಗಿನ ಚೂರು ಹಾಕಿದ್ದಾರೆ. ಅದು ತಾನು ಮಗ್ಗದಲ್ಲಿ ಹುಟ್ಟಿದ್ದು, ಸಾರವ್ವನ ಮದುವೆ ಕಂಡದ್ದು ಎಂದು ಜಂಬ ಕೊಚ್ಚುತ್ತದೆ. ನೀಲಿ ಚೂರು ಸಾರವ್ವನ ಮಗಳು ಸುವಾರ್ತಾಳ ಶಾಲೆಯ ಲಂಗ. ಪಟ್ಟೆಪಟ್ಟೆಯದು ಸಾರವ್ವನ ಗಂಡ ದಾನಿಯೇಲಪ್ಪನ ಅಂಗಿ. ಅವನು ಮುದ್ರಣಾಲಯದಲ್ಲಿ ದುಡಿಯುತ್ತಿದ್ದ ಕಾಲದ ಮಸಿಯ ಕಲೆ ಇನ್ನೂ ಅದರ ಮೇಲಿದೆ. ಒಂದು ಚೂರು ಹೇಳಿದ್ದನ್ನು ಇನ್ನೊಂದು ಒಪ್ಪುವುದಿಲ್ಲ. ಎತ್ತು ಏರಿಗೆಳೆದರೆ ಕೋಣ ನೀರಿಗೆಳೆಯಿತು ಅನ್ನುವ ಹಾಗಿದೆ ನನ್ನ ಬಾಳು. "ನಾನು" ಅನ್ನುವಾಗ ಇವರಲ್ಲಿ ಯಾರು ಮಾತಾಡುತ್ತಿದ್ದಾರೋ ನನಗೇ ತಿಳಿಯದು.

ನಾವೆಲ್ಲ ಒಂದಾದದ್ದು ಬೆಟಗೇರಿಯಲ್ಲಿ, ಸಾರವ್ವನ ಮನೆಯಲ್ಲಿ. ಸಾರವ್ವ ಕೌದಿ ಹೊಲಿಯುವವಳು. ಹಳೆಯ ಸೀರೆ, ಧೋತರ, ಅಂಗಿ, ಏನು ಕೊಟ್ಟರೂ ಚೂರು ಮಾಡಿ, ಪದರ ಹಾಸಿ, ಉದ್ದಕ್ಕೂ ಸಣ್ಣ ಹೊಲಿಗೆ ಹಾಕಿ ಹೊದಿಕೆ ಮಾಡುತ್ತಿದ್ದಳು. ಅವಳಿಗೊಂದು ಪದ್ಧತಿ ಇತ್ತು. ಕೌದಿಯ ನಾಲ್ಕೂ ಅಂಚು ಹೊಲಿದು, ಕೊನೆಯ ಮೂಲೆಯೊಂದನ್ನು ಬಿಡುವಳು. ಮನೆಯವರಿಗೆ ಹೊಲಿದದ್ದಾದರೆ ಆ ಮೂಲೆಯಲ್ಲಿ ತನ್ನ ಮನೆಯ ರೊಟ್ಟಿಯ ಚೂರೊಂದನ್ನಿಟ್ಟು ಹೊಲಿದು ಮುಚ್ಚುವಳು. ಹೊರಗಿನವರದ್ದಾದರೆ ಮೂಲೆಯನ್ನು ತೆರೆದೇ ಕೊಟ್ಟು, "ನಿಮ್ಮ ಮನಿ ತುತ್ತು ನೀವ ಇಟ್ಟು ಮುಚ್ಚಿಕೊಳ್ರಿ" ಅನ್ನುವಳು. ಹಸಿದ ಕೌದಿ ಯಾರನ್ನೂ ಬೆಚ್ಚಗಿಡುವುದಿಲ್ಲವಂತೆ. ಇದನ್ನು ನೆನಪಿಟ್ಟುಕೊಳ್ಳಿ, ನನ್ನ ಗೋಳೆಲ್ಲ ಇದರಿಂದಲೇ.

ಆ ವರ್ಷ ಡಿಸೆಂಬರ್ ಇಪ್ಪತ್ತೊಂದಕ್ಕೆ ಸೊಲ್ಲಾಪುರದಿಂದ ಫೋನು ಬಂತು. ನಾನಿನ್ನೂ ಗಂಟಿನಲ್ಲಿ ಚೂರುಚೂರಾಗಿ ಬಿದ್ದಿದ್ದೆ. ಮಾತಾಡಿದವಳು ಸುವಾರ್ತಾ. ಒಂಬತ್ತು ವರ್ಷದ ಹಿಂದೆ ಅಪ್ಪ ಅವ್ವನಿಗೆ ಒಂದು ಮಾತೂ ಹೇಳದೆ ಅಡಿವೆಪ್ಪನೆಂಬ ಬಸ್ ಮೆಕ್ಯಾನಿಕನನ್ನು ರಿಜಿಸ್ಟರ್ ಮದುವೆಯಾಗಿ ಹೋದವಳು. ಆಮೇಲೆ ಆಗೊಮ್ಮೆ ಈಗೊಮ್ಮೆ ಅವ್ವನಿಗೆ ಫೋನು ಮಾಡುತ್ತಿದ್ದಳೇ ಹೊರತು ತವರಿಗೆ ಕಾಲಿಟ್ಟಿರಲಿಲ್ಲ. ಮನೆಯಲ್ಲಿ ಅಳಿಯನ ಹೆಸರನ್ನು ಯಾರೂ ಎತ್ತುತ್ತಿರಲಿಲ್ಲ.

"ಅವ್ವಾ, ಈ ಸಲ ಕ್ರಿಸ್‌ಮಸ್ಸಿಗೆ ಬರ್ತೀವಿ. ಬಂದ್ರ ಮೂರೂ ಮಂದಿ ಬರ್ತೀವಿ. ಅಪ್ಪ ನಮ್ಮ ಮನಿಯವರನ್ನ ಹೊರಗಿನವರಂಗ ನೋಡಿದ್ರ ಅವತ್ತಿನ ಗಾಡಿಗೇ ಹೊಳ್ಳಿ ಹೋಗ್ತೀನಿ. ಮತ್ತ ಈ ಜನ್ಮದಾಗ ಬರೂದುಲ್ಲ ನೋಡು."

ಹಿಂದೆಯೇ ಅವಳ ಮಗಳು, ಏಳು ವರ್ಷದ ಕರುಣಾ, ಫೋನು ಕಸಿದುಕೊಂಡಳು. "ಅಜ್ಜಿ, ನಿಮ್ಮ ಮನ್ಯಾಗ ಎಲ್ಲಾರ ಹೆಸರಿಲೆ ಸಾಕ್ಸ್ ತೂಗಹಾಕೀರೇನು? ಇಲ್ಲಂದ್ರ ಕ್ರಿಸ್‌ಮಸ್ ತಾತ ಬರೂದುಲ್ಲಂತ ನಮ್ಮ ಟೀಚರ್ ಹೇಳ್ಯಾರ. ಯಾರ ಸಾಕ್ಸ್ ಇರ್ತದೋ ಅವರಷ್ಟ ಮನಿಯವರಂತ."

ಸಾರವ್ವ ಹುಟ್ಟಿದಾಗಿನಿಂದ ಹಬ್ಬ ಮಾಡಿದವಳು. ಕರ್ಚಿಕಾಯಿ ಗೊತ್ತು, ನಕ್ಷತ್ರದ ಆಕಾಶಬುಟ್ಟಿ ಗೊತ್ತು, ನಸುಕಿನ ಆರಾಧನೆ ಗೊತ್ತು. ಗೋಡೆಗೆ ಕಾಲುಚೀಲ ತೂಗುಹಾಕುವುದನ್ನು ಮಾತ್ರ ಕೇಳಿರಲಿಲ್ಲ. ಮಗಳು ಫೋನಿಗೆ ಚಿತ್ರ ಕಳಿಸಿದಳು. ಕೈಯಲ್ಲಿದ್ದದ್ದು ಮೂರೇ ದಿನ. ಒಂದು ಕೌದಿಗೆ ಎರಡು ತಿಂಗಳು ತೆಗೆದುಕೊಳ್ಳುವ ಮುದುಕಿ ಆ ಚಿತ್ರವನ್ನು ಎದುರಿಗಿಟ್ಟುಕೊಂಡು ಗಂಡನನ್ನು ಕರೆದಳು. "ರೀ, ಇಲ್ಲಿ ಬರ್ರಿ. ಈ ಪೇಪರ್ ಮ್ಯಾಲ ಕಾಲ ಇಡ್ರಿ."

"ಯಾಕ?"

"ಇಡ್ರೀ ಅಂದ್ರ ಇಡ್ರಿ."

ಹೀಗೆ ದಾನಿಯೇಲಪ್ಪನ ಹಲಗೆಯಂಥ ಪಾದದ ಸುತ್ತ ಗೆರೆ ಎಳೆದು, ಅದರ ಮೇಲೆ ಇನ್ನಷ್ಟು ಹಿಗ್ಗಿಸಿ ಅಳತೆ ಮಾಡಿಕೊಂಡಳು. ನಮ್ಮ ವಂಶದ ಮೂಲಪುರುಷ ಅಂದರೆ ಆ ಪಾದವೇ.

"ಎಷ್ಟ ಹೊಲೀತಿ?" ಎಂದು ಅವನು ಕೇಳಿದ. ಸಾರವ್ವ ಅವನ ಮುಖ ನೋಡಿದಳು. ಅವನು ವೃತ್ತಪತ್ರಿಕೆಯಲ್ಲಿ ಮುಖ ಮುಚ್ಚಿಕೊಂಡಿದ್ದ. ಅಳಿಯನದು ಸೇರಿಸಿ ಐದು ಅನ್ನಲು ಅವಳ ನಾಲಿಗೆ ಏಳಲಿಲ್ಲ. "ನಾಕು" ಅಂದಳು. ಅವನು "ಹೂಂ" ಅಂದ, ಅಷ್ಟೇ. ಅವನ ಸಿಟ್ಟು ಇನ್ನೂ ಇಳಿದಿಲ್ಲ ಎಂದುಕೊಂಡು ಸಾರವ್ವ ಕತ್ತರಿ ಎತ್ತಿಕೊಂಡಳು.

ಮೂರು ದಿನ ಆ ಮನೆಯಲ್ಲಿ ಅಡಿಗೆ ಅಷ್ಟಕ್ಕಷ್ಟೇ. ಬೆಳಗಿನಿಂದ ಬೆಳಕು ಹೋಗುವವರೆಗೂ ಸೂಜಿ. ನನ್ನ ಅಕ್ಕಂದಿರು ನಾಲ್ವರು ಒಬ್ಬೊಬ್ಬರಾಗಿ ಎದ್ದರು: ಒಂದು ಗಂಡನಿಗೆ, ಒಂದು ತನಗೆ, ಒಂದು ಮಗಳಿಗೆ, ಒಂದು ಮೊಮ್ಮಗಳಿಗೆ. ಪ್ರತಿಯೊಂದಕ್ಕೂ ಚಿತ್ರ ನೋಡಿ ನೋಡಿ ಮೇಲೆ ಅಗಲವಾಗಿ ಬಾಯಿ ಬಿಟ್ಟಳು. ಕೌದಿಯ ಕೈಗೆ ಬಾಯಿ ಬಿಡುವುದೆಂದರೆ ಬಹಳ ಕಷ್ಟ. "ಹೊಲಿಯೂದು ಬಿಟ್ಟು ಬಿಡೂದ ಒಂದು ಕೆಲಸ ಆತಲ್ಲವ್ವಾ" ಎಂದು ಗೊಣಗುತ್ತಿದ್ದಳು.

ಇಪ್ಪತ್ತನಾಲ್ಕನೇ ತಾರೀಖು ಮಧ್ಯಾಹ್ನ ದಾನಿಯೇಲಪ್ಪ ಚರ್ಚಿನ ಅಲಂಕಾರಕ್ಕೆ ಹೋದ. ಗಾಡಿ ನಾಲ್ಕು ಗಂಟೆಗೆ. ಸಾರವ್ವ ಬಾಗಿಲ ಕಡೆ ಒಮ್ಮೆ ನೋಡಿ, ಹಿತ್ತಿಲಲ್ಲಿ ಕೂತು, ಗಂಟಿನಲ್ಲಿ ಉಳಿದ ಚೂರುಗಳನ್ನೆಲ್ಲ ಬರಬರನೆ ಜೋಡಿಸತೊಡಗಿದಳು. ಬಟ್ಟೆ ಸಾಲದೆ ಗೂಟದ ಮೇಲಿದ್ದ ಗಂಡನ ಪಟ್ಟೆ ಅಂಗಿಯನ್ನೂ ಕತ್ತರಿಸಿದಳು. ಅದು ನಾನು. ಕಳ್ಳತನದಿಂದ, ಎರಡು ತಾಸಿನಲ್ಲಿ ಹುಟ್ಟಿದವನು. ಸೂಜಿ ಓಡುತ್ತಿತ್ತು, ಕಣ್ಣು ತುಂಬಿಕೊಳ್ಳುತ್ತಿತ್ತು, ಫೋನು ಒಳಗೆಲ್ಲೋ ಉಳಿದಿತ್ತು. ಚಿತ್ರ ಎದುರಿಗಿರಲಿಲ್ಲ. ನಲವತ್ತು ವರ್ಷ ಕೌದಿ ಹೊಲಿದ ಕೈ ತನಗೆ ಗೊತ್ತಿದ್ದದ್ದನ್ನೇ ಮಾಡಿತು. ಸುತ್ತಲೂ ಹೊಲಿದು ಬಂದು, ಕೊನೆಯ ಮೂಲೆ ಬಿಟ್ಟು, ಪಕ್ಕದ ಬುಟ್ಟಿಯಲ್ಲಿದ್ದ ಖಡಕ್ ರೊಟ್ಟಿಯ ಚೂರೊಂದನ್ನು ಒಳಗೆ ತುರುಕಿ, ಟಕಟಕ ಹೊಲಿದು ಮುಚ್ಚಿ, ಹಲ್ಲಿನಿಂದ ದಾರ ಕಡಿಯಿತು.

ಅಯ್ಯೋ ಅಜ್ಜಿ, ನನ್ನ ಬಾಯಿ ಎಂದು ಕೂಗೋಣವೆಂದರೆ ಕೂಗಲು ಬಾಯಿಯಾದರೂ ಬೇಕಲ್ಲ!

ಅವಳು ನೋಡಲೇ ಇಲ್ಲ. ನನ್ನನ್ನು ಅಕ್ಕಂದಿರ ಸಾಲಿನ ಕೊನೆಗೆ, ಕಿಟಕಿಯ ಸರಳಿಗೆ ಕಟ್ಟಿದ ಹಗ್ಗಕ್ಕೆ ಸಿಕ್ಕಿಸಿ, ಸೆರಗು ಸರಿಮಾಡಿಕೊಳ್ಳುತ್ತ ಸ್ಟೇಷನ್ನಿಗೆ ಓಡಿದಳು.

ಬಂದರು. ಅಡಿವೆಪ್ಪ ಎತ್ತರದ, ಮಾತು ಕಡಿಮೆಯ ಮನುಷ್ಯ. ಉಗುರಿನ ಸಂದಿಯಲ್ಲಿ ಗ್ರೀಸು. ಪಡಸಾಲೆಯ ಬೆಂಚಿನ ತುದಿಯಲ್ಲಿ, ಬಸ್‌ಸ್ಟ್ಯಾಂಡಿನಲ್ಲಿ ಕೂತವನ ಹಾಗೆ ಕೂತ. ದಾನಿಯೇಲಪ್ಪ ಸಂಜೆ ಮನೆಗೆ ಬಂದು, ಮೊಮ್ಮಗಳ ಕೆನ್ನೆ ಸವರಿ, ಅಳಿಯನಿಗೆ "ಬರ್ರಿ" ಎಂದ. ಬಂದು ಕೂತವನಿಗೆ ಬರ್ರಿ ಅಂದರೇನು? ಆಮೇಲೆ ಮಾತಿಲ್ಲ. ಊಟಕ್ಕೆ ಕೂತಾಗಲೂ ಇಲ್ಲ. ಸುವಾರ್ತಾ ತಟ್ಟೆ ತೊಳೆಯುತ್ತ ಗಂಡನಿಗೆ ಮೆಲ್ಲಗೆ ಹೇಳಿದ್ದು ನನಗೆ ಕೇಳಿಸಿತು. "ಚೀಲ ಬಿಚ್ಚಬ್ಯಾಡ್ರಿ. ನಾಳೆ ಮಧ್ಯಾಹ್ನದ ಗಾಡಿಗೆ ಹೋಗೂಣು."

ನನಗೆ ಒಂದೂ ಬಗೆಹರಿಯಲಿಲ್ಲ. ನಾನು ಯಾರಿಗೆ? ಹೆಸರೂ ಎತ್ತಬಾರದ ಅಳಿಯನಿಗಾದರೆ ಹೊಲಿದದ್ದೇಕೆ? ಹೊಲಿದ ಮೇಲೆ ಬಾಯಿ ಮುಚ್ಚಿದ್ದೇಕೆ?

ನಸುಕಿನ ಆರಾಧನೆಗೆ ಗಂಟೆ ಹೊಡೆಯಲು ಇನ್ನೂ ಹೊತ್ತಿತ್ತು. ದಾನಿಯೇಲಪ್ಪ ಬೆಕ್ಕಿನಂತೆ ಹೆಜ್ಜೆ ಹಾಕುತ್ತ ಪಡಸಾಲೆಗೆ ಬಂದ. ಅವನ ಕೈಚೀಲದಲ್ಲಿ ಕಿತ್ತಳೆಹಣ್ಣು. ಮೊದಲ ಅಕ್ಕನ ಬಾಯಿಗೆ ಒಂದು ಹಾಕಿದ, ಎರಡನೆಯದಕ್ಕೆ ಒಂದು, ಮೂರು, ನಾಲ್ಕು. ಮುಗಿಯಿತು, ಇನ್ನು ಹೋಗುತ್ತಾನೆ ಅಂದುಕೊಂಡೆ. ಅವನು ಚೀಲದಿಂದ ಐದನೆಯದನ್ನು ತೆಗೆದ!

ಸಾರವ್ವ ನಾಲ್ಕು ಅಂದಿದ್ದಳು. ಮನುಷ್ಯ ಐದು ತಂದಿದ್ದಾನೆ. ನನ್ನ ಎದುರು ನಿಂತು ಹಣ್ಣನ್ನು ಮೇಲಿಂದ ಒತ್ತಿದ. ಹೋಗಲಿಲ್ಲ. ನನ್ನನ್ನು ಹೊರಳಿಸಿದ. ಬುಡಮೇಲು ಮಾಡಿದ. ಹಿಮ್ಮಡಿಯಲ್ಲಿ ಬೆರಳಾಡಿಸಿದ. ಕನ್ನಡಕ ಹಾಕಿಕೊಂಡು ಬಂದು ಮತ್ತೆ ನೋಡಿದ. ಅವನ ಮುಖ ಕೆಂಪಾಯಿತು. ನನ್ನನ್ನು ಹಗ್ಗದಿಂದ ಕಿತ್ತುಕೊಂಡು ಅಡುಗೆಮನೆಗೆ ನಡೆದ. ಸಾರವ್ವ ಚಹಾಕ್ಕೆ ನೀರಿಟ್ಟಿದ್ದಳು.

"ಏ ಸಾರಾ, ಇದರ ಬಾಯಿ ಎಲ್ಲೈತಿ?"

"ಯಾತರದು?"

"ಇದರದು! ಒಂಬತ್ತ ವರ್ಷ ಆತು, ಇನ್ನೂ ನಿನ್ನ ಸಿಟ್ಟ ಇಳಿಲಿಲ್ಲೇನ? ಎಲ್ಲಾರದೂ ಬಾಯಿ ಬಿಟ್ಟು ಅಳಿಯಂದಷ್ಟ ಹೊಲದಿಟ್ಟೀಯಲ್ಲ! ಹಬ್ಬದ ದಿನ ಮನಿಗೆ ಬಂದಾಂವಗ ಹಿಂಗ ಮಾಡೂದ?"

ಸಾರವ್ವ ಸೌಟು ಕೆಳಗಿಟ್ಟಳು. "ನನ್ನ ಸಿಟ್ಟು? ಸಿಟ್ಟು ನಿಮಗ ಇದ್ದದ್ದು!"

"ನನಗಂತ ಯಾರ ಹೇಳಿದ್ರು?"

"ಯಾರ ಹೇಳಬೇಕು? ಅಕಿ ಹ್ವಾದ ದಿನದಿಂದ ಒಮ್ಮೆರೆ ಅವನ ಹೆಸರ ತಗದೀರೇನ ನೀವು?"

"ನೀ ಅಳ್ತೀ ಅಂತ ತಗೀಲಿಲ್ಲ. ನೀ ತಗದೀಯೇನ?"

"ನೀವು ಬೈತೀರಂತ ತಗೀಲಿಲ್ಲ."

ಚಹಾದ ನೀರು ಕುದಿಯುತ್ತಿತ್ತು. ನನಗೆ ತಲೆ ಗಿರ್ರೆಂದಿತು. ಅಂದರೆ ಈ ಮನೆಯಲ್ಲಿ ಸಿಟ್ಟು ಇದ್ದದ್ದಾದರೂ ಯಾರಿಗೆ? ಇಬ್ಬರಿಗೂ ಇರಲಿಲ್ಲ. ಇಲ್ಲದ ಸಿಟ್ಟಿಗೆ ಹೆದರಿ ಒಂಬತ್ತು ವರ್ಷ ಮಗಳಿಲ್ಲದೆ ಹಬ್ಬ ಮಾಡಿದ್ದರು. ದಾನಿಯೇಲಪ್ಪ ಗೋಡೆಗೆ ಒರಗಿದ. "ಹುಚ್ಚರಾದ್ವಿ ಸಾರಾ" ಎಂದ. ಸಾರವ್ವ ಸೆರಗು ಬಾಯಿಗಿಟ್ಟುಕೊಂಡು ಅತ್ತಳು.

ಬಾಗಿಲಲ್ಲಿ ಸುವಾರ್ತಾ ನಿಂತಿದ್ದಳು, ಹಿಂದೆ ಅಡಿವೆಪ್ಪ. ಎಲ್ಲ ಕೇಳಿಸಿಕೊಂಡಿದ್ದರು. ದಾನಿಯೇಲಪ್ಪ ಗಡಬಡಿಸಿ, "ಬ್ಲೇಡ ಎಲ್ಲೈತಿ? ಈಗ ಬಿಚ್ಚತೇನಿ" ಎಂದು ಹುಡುಕಾಡತೊಡಗಿದ. ಅಡಿವೆಪ್ಪ ನನ್ನನ್ನು ಅವನ ಕೈಯಿಂದ ತೆಗೆದುಕೊಂಡ. ಬೆರಳಿನಿಂದ ಒತ್ತಿದ. ಒಳಗೆ ಕಟಕ್ ಎಂದಿತು.

"ಒಳಗ ಏನೋ ಐತ್ರಿ ಅತ್ತೀ."

"ಅಯ್ಯ ನನ ಕೈ ಸುಡ್ಲಿ!" ಎಂದು ಸಾರವ್ವ ಹಣೆ ಬಡಿದುಕೊಂಡಳು. "ಗಡಿಬಿಡಿಯಾಗ ಕೌದಿ ಅಂತ ತಿಳದು ತುತ್ತಿಟ್ಟು ಮುಚ್ಚೇನಪಾ. ರೊಟ್ಟಿ ಐತಿ ಅದರಾಗ."

"ಯಾರ ಮನಿ ರೊಟ್ಟಿರಿ?"

"ನಮ್ಮ ಮನೀದ."

ಅಡಿವೆಪ್ಪ ಮುಚ್ಚಿದ ಮೂಲೆಯ ಹೊಲಿಗೆಯ ಮೇಲೆ ಹೆಬ್ಬೆರಳಾಡಿಸಿದ. "ನಮ್ಮವ್ವನೂ ಕೌದಿ ಹೊಲೀತಿದ್ಲರಿ" ಎಂದ. "ಬಿಚ್ಚಬ್ಯಾಡ್ರಿ ಮಾವಾರ. ಹಿಂಗ ಇರ್ಲಿ."

ದಾನಿಯೇಲಪ್ಪನ ಕೈಯಲ್ಲಿ ಹಣ್ಣು ಹಾಗೇ ಉಳಿದಿತ್ತು. ಹಾಕಲು ಬಾಯಿಲ್ಲವಲ್ಲ! ಅಳಿಯನ ಅಂಗೈ ಹಿಡಿದು ಅದರಲ್ಲೇ ಇಟ್ಟ. ಇಟ್ಟ ಮೇಲೂ ಕೈ ಬಿಡಲಿಲ್ಲ. ಆಮೇಲೆ ನನ್ನನ್ನು ದಿಟ್ಟಿಸಿ ನೋಡಿ, "ಅಲ್ಲಾ, ಇದು ನನ್ನ ಅಂಗಿ ಅಲ್ಲೇನ? ನಿನ್ನೆಯಿಂದ ಹುಡುಕಾಕತ್ತೇನಿ!" ಎಂದ. ಎಲ್ಲರೂ ನಕ್ಕರು. ಅವರು ಮಧ್ಯಾಹ್ನದ ಗಾಡಿಗೆ ಹೋಗಲಿಲ್ಲ. ಹೊಸ ವರ್ಷದವರೆಗೆ ಇದ್ದರು.

ಅಲ್ಲಿಂದ ನನ್ನನ್ನು ಸೊಲ್ಲಾಪುರಕ್ಕೆ ಒಯ್ದರು. ಅಲ್ಲಿ ನನ್ನ ಗೊಂದಲ ಇನ್ನೂ ಹೆಚ್ಚಿತು. ಅಡಿವೆಪ್ಪ ನನ್ನನ್ನು ಮಧ್ಯಾಹ್ನ ತಲೆದಿಂಬು ಮಾಡಿಕೊಂಡ. ಸುವಾರ್ತಾ ಬಿಸಿ ಪಾತ್ರೆ ಇಳಿಸಲು ಹಿಡಿದಳು. ಕರುಣಾ ಗೊಂಬೆಯ ಹಾಸಿಗೆ ಮಾಡಿದಳು, ಸಿಟ್ಟು ಬಂದಾಗ ಎಸೆಯಲು ಕಲ್ಲೂ ಮಾಡಿದಳು. ಒಂದು ಮಳೆಗಾಲ ಇರುವೆಗಳು ಹೊಲಿಗೆಯ ಸಂದಿಯಿಂದ ನುಗ್ಗಿ ರೊಟ್ಟಿಯನ್ನೆಲ್ಲ ತಿಂದು ಮುಗಿಸಿದವು. ಅವು ನನ್ನನ್ನು ಏನೆಂದು ತಿಳಿದವೋ, ಅನ್ನಛತ್ರವೆಂದೇ ಇರಬೇಕು. ಅಡಿವೆಪ್ಪ ನನ್ನನ್ನು ಬಿಸಿಲಿಗೆ ಹಾಕಿ, ಕೊಡವಿ, ಒಂದು ಹೊಲಿಗೆ ಮಾತ್ರ ಬಿಡಿಸಿ, ಹೊಸ ಚೂರು ತುರುಕಿ ತಾನೇ ಡೊಂಕುಡೊಂಕಾಗಿ ಹೊಲಿದ. ಪ್ರತಿ ಕ್ರಿಸ್‌ಮಸ್ಸಿಗೆ ನನ್ನನ್ನು ಬೆಟಗೇರಿಗೆ ಒಯ್ಯುವರು. ಅಕ್ಕಂದಿರಿಗೆಲ್ಲ ಬಾಯೊಳಗೆ ಹಣ್ಣು. ನನ್ನ ಪಾಲಿನದು ಮಾವನ ಕೈಯಿಂದ ಅಳಿಯನ ಕೈಗೆ.

ನಾಲ್ಕು ವರ್ಷದ ಹಿಂದೆ ದಾನಿಯೇಲಪ್ಪ ತೀರಿಕೊಂಡ. ಆ ವರ್ಷ ಸಾರವ್ವ ಅವನ ಕಾಲುಚೀಲವನ್ನೂ ಸಾಲಿನಲ್ಲೇ ತೂಗುಹಾಕಿದಳು. ನನ್ನ ಪಟ್ಟೆ ಅಂಗಿಯ ಚೂರು ಅಂದು ಒಂದು ಮಾತೂ ಆಡಲಿಲ್ಲ.

ಈ ವರ್ಷ ಕರುಣಾ ತಾನು ಮದುವೆಯಾಗಬೇಕೆಂದಿರುವ ಹುಡುಗನನ್ನು ಕರೆತಂದಿದ್ದಾಳೆ. ಹೇಳದೆ ಅಲ್ಲ, ಮೊದಲೇ ಹೇಳಿ. ಹೇಳಿದ್ದು ಮಾತ್ರ ಹಬ್ಬದ ಹಿಂದಿನ ದಿನ! ಸಾರವ್ವನಿಗೀಗ ಎಪ್ಪತ್ತೊಂಬತ್ತು. ಸೂಜಿಗೆ ದಾರ ಪೋಣಿಸಲು ಮೊಮ್ಮಗಳೇ ಬೇಕು. ಆದರೂ ಹಟ ಮಾಡಿ ಹಿತ್ತಿಲಲ್ಲಿ ಕೂತಳು, ಚೂರು ಜೋಡಿಸಿದಳು, ಸುತ್ತ ಹೊಲಿದಳು. ಮೇಲ್ಗಡೆಗೆ ಬಂದಾಗ ಕರುಣಾ, "ಅಜ್ಜಿ, ನಿಲ್ಲು. ಇಲ್ಲಿ ಬಾಯಿ ಬಿಡಬೇಕು, ಮತ್ತ ಮರೀಬ್ಯಾಡ" ಎಂದಳು.

"ಮರೆತಿಲ್ಲ" ಎಂದಳು ಸಾರವ್ವ. "ಒಳಗ ಹೋಗಿ ರೊಟ್ಟಿ ತಾ."

ಈಗ ಅದು ನನ್ನ ಪಕ್ಕದಲ್ಲಿ ತೂಗುತ್ತಿದೆ. ನನ್ನಷ್ಟೇ ಗಾತ್ರ, ನನ್ನ ಹಾಗೇ ಮೂಗ. ಹೊಸದು ನೋಡಿ, ಗಾಬರಿಯಾಗಿದೆ. ಸ್ವಲ್ಪ ಮೊದಲು ನನ್ನನ್ನು ಕೇಳಿತು: "ಅಣ್ಣಾ, ನಾವು ಏನು? ಕಾಲುಚೀಲವೋ, ಕೌದಿಯೋ, ದಿಂಬೋ?"

ಹದಿನೇಳು ವರ್ಷ ಯೋಚಿಸಿದ್ದೇನೆ. ಏನು ಹೇಳಲಿ? "ನನಗೂ ಗೊತ್ತಿಲ್ಲ ತಮ್ಮಾ" ಎಂದೆ. "ಹೊಟ್ಟೆ ತುಂಬಿದೆಯಾ?"

"ತುಂಬಿದೆ" ಎಂದಿತು.

"ಯಾರ ಮನೆಯದು?"

ಅದು ಗಾಳಿಗೆ ವಾಲಿ ನನ್ನ ಪಕ್ಕೆಗೆ ತಗುಲಿತು. "ನಮ್ಮ ಮನೆಯದು" ಎಂದಿತು.