ಬುಟ್ಟಿಯಲ್ಲೊಂದು ದ್ವಾದಶಿ

ನಾನು ಒಂದು ವೈರ್ ಬುಟ್ಟಿ. ಮೈಯೆಲ್ಲ ಗಂಟು, ಆದರೂ ಯಾರನ್ನು ಕಂಡೂ ಮುಖ ಗಂಟಿಕ್ಕಿದ್ದಿಲ್ಲ. ಮೈಸೂರಿನ ಒಂದು ಹಳೇ ವಠಾರದ ಜಗಲಿಯಲ್ಲಿ ನನ್ನನ್ನು ಹಡೆದವರು ಗ್ರೇಸಿ ಟೀಚರ್. ಹಡೆದರು ಅನ್ನಬೇಕೋ ಹೆಣೆದರು ಅನ್ನಬೇಕೋ, ಅಲ್ಲಿಂದಲೇ ನನ್ನ ಗೊಂದಲ ಶುರು. ಹಸಿರು ವೈರಿಗೆ ಹಳದಿ ವೈರು ಸೇರಿಸಿ, ಪಕ್ಕದಲ್ಲಿ ರೇಡಿಯೋ ಇಟ್ಟುಕೊಂಡು ಹೆಣೆಯುತ್ತಿದ್ದರು. ವಾರ್ತೆ ಬಂದರೆ ಗಂಟು ಬಿಗಿ, ಚಿತ್ರಗೀತೆ ಬಂದರೆ ಗಂಟು ಸಡಿಲ. ಆವತ್ತು ಹಾಡು ಜಾಸ್ತಿ ಇತ್ತೆಂದು ಕಾಣುತ್ತದೆ. ನನ್ನ ಎಡಪಕ್ಕ ಇವತ್ತಿಗೂ ಸಡಿಲ. ಯಾವ ಸೊಪ್ಪು ತುಂಬಿದರೂ ಆ ಸಂದಿಯಲ್ಲಿ ಒಂದೆರಡು ಎಲೆ ಸಿಕ್ಕಿಕೊಂಡೇ ತೀರುತ್ತಿತ್ತು.

ಕೆಲವು ವರ್ಷ ಟೀಚರ ಊಟದ ಡಬ್ಬಿ, ತಿದ್ದುವ ಉತ್ತರಪತ್ರಿಕೆ ಹೊತ್ತೆ. ಆಮೇಲೆ ಅವರಿಗೆ ವರ್ಗವಾಯಿತು. ಹೊರಡುವ ದಿನ ನನ್ನನ್ನು ಎದುರುಮನೆಯ ವೆಂಕೂಬಾಯಿಯವರ ಕೈಗಿತ್ತು, "ನೆನಪಿಗಿರಲಿ" ಅಂದರು. ವೆಂಕೂಬಾಯಿ ಕಣ್ಣೊರೆಸಿಕೊಂಡರು, ಟೀಚರ್ ಬೀದಿಯ ತಿರುವು ದಾಟಿದ ಮೇಲೆ ನನ್ನನ್ನು ಅರಿಶಿನದ ನೀರಿನಲ್ಲಿ ಮುಳುಗಿಸಿ ಎತ್ತಿದರು. ಪ್ರೀತಿಗೆ ಪ್ರೀತಿ, ಮಡಿಗೆ ಮಡಿ. ಅಂಥ ಮನೆ ಅದು.

ಅಲ್ಲಿಂದ ನಾನು ತರಕಾರಿ ಬುಟ್ಟಿ. ನನಗೆ ಗೊತ್ತಿದ್ದ ಲೋಕನ್ಯಾಯ ಒಂದೇ: ನನ್ನೊಳಗೆ ಬಂದದ್ದು ನೇರ ಅಡುಗೆಮನೆಗೆ ಹೋಗುತ್ತದೆ, ಕೊಚ್ಚಿಸಿಕೊಳ್ಳುತ್ತದೆ, ಕುದಿಯುತ್ತದೆ. ಬದನೆಕಾಯಿಯಾಗಲಿ, ಹೀರೆಕಾಯಿಯಾಗಲಿ, ತಿರುಗಿ ಬಂದು ನನಗೆ ಕ್ಷೇಮ ಸಮಾಚಾರ ಹೇಳಿದ್ದಿಲ್ಲ.

ವೆಂಕೂಬಾಯಿ ಅಜ್ಜಿಯಾದರು. ಮೊಮ್ಮಗಳು ವಾರಿಜಾ ಕಾಲೇಜು ಸೇರಿದ ವರ್ಷ ಮನೆಗೊಂದು ಬಿಳಿ ಮೊಲ ತಂದಳು. ದುಂಡಗಿತ್ತು, ಉಂಡೆ ಅಂತ ಹೆಸರಿಟ್ಟಳು. ಮಹಾ ಪುಕ್ಕಲು. ಕುಕ್ಕರ್ ಕೂಗಿದರೆ ಮಂಚದಡಿ, ಕಾಲಿಂಗ್ ಬೆಲ್ ಹೊಡೆದರೆ ಬೀರುವಿನ ಹಿಂದೆ. ಮೊದಮೊದಲು "ರಾಮರಾಮಾ, ಅಡುಗೆಮನೆಗೆ ಬಂದರೆ ನೋಡು" ಅನ್ನುತ್ತಿದ್ದ ಅಜ್ಜಿಯ ಮಡಿಸೀರೆಯ ನೆರಿಗೆಯೇ ಕೊನೆಗೆ ಅದರ ಅಡಗುತಾಣವಾಯಿತು.

ಅವರ ಮನೆಯಲ್ಲಿ ಏಕಾದಶಿ ಎಂದರೆ ಏಕಾದಶಿಯೇ. ಅಜ್ಜಿ ಹನಿ ನೀರೂ ಮುಟ್ಟುತ್ತಿರಲಿಲ್ಲ. ಮಾರನೆಯ ದಿನ ದ್ವಾದಶಿ, ಬೆಳಗಾಗುತ್ತಲೇ ಅಗಸೆ ಸೊಪ್ಪಿನ ಪಲ್ಯ ಮಾಡಿ ಪಾರಣೆ. ಅಂದರೆ ಉಪವಾಸ ಬಿಡುವ ಊಟ. ಆ ಸೊಪ್ಪು ತರುವ ಹಕ್ಕು ನನ್ನದು.

ಆ ಸಲ ದಶಮಿಯ ದಿನ ಪಕ್ಕದ ಮನೆಯಿಂದ ಒಬ್ಬಟ್ಟಿನ ಹೂರಣ ಬಂತು. ಅಜ್ಜಿ "ಉಂಡೆಗೊಂದು ಉಂಡೆ" ಎಂದು ನಗುತ್ತಾ ಮೊಲದ ಬಾಯಿಗೂ ಇಟ್ಟರು. ಮಾರನೆಯ ದಿನ ಏಕಾದಶಿ. ಉಂಡೆ ಹುಲ್ಲು ಮೂಸಲಿಲ್ಲ. ಮೂಲೆಯಲ್ಲಿ ಮುದುರಿ ಕೂತುಬಿಟ್ಟಿತು.

"ಏನೂ ತಿಂತಿಲ್ಲ ಅಜ್ಜಿ" ಅಂದಳು ವಾರಿಜಾ.

"ಇವತ್ತೇನು ದಿನ ಹೇಳು? ಅದೂ ಏಕಾದಶಿ ಮಾಡ್ತಿದೆ ಕಣೇ!" ಅಜ್ಜಿಯ ಕಣ್ಣಲ್ಲಿ ನೀರು. "ಯಾವ ಜನ್ಮದ ಪುಣ್ಯವೋ. ನಿನಗೆ ಬರದ ಬುದ್ಧಿ ಅದಕ್ಕೆ ಬಂತಲ್ಲೇ!"

ಸಂಜೆಯವರೆಗೂ ವಠಾರದ ಹೆಂಗಸರು ಸಾಲಾಗಿ ಬಂದು ವ್ರತಸ್ಥ ಮೊಲದ ದರ್ಶನ ಪಡೆದರು. ಒಬ್ಬಾಕೆ ಕೈಯೂ ಮುಗಿದರು. ಮೊಲಕ್ಕೆ ಭಕ್ತಿಯೋ ಭೇದಿಯೋ, ನನಗೆ ತಿಳಿಯಲಿಲ್ಲ. ನಾನು ಅಗಸೆ ಸೊಪ್ಪು ಹೊತ್ತು ಬಂದು ಮೊಳೆಗೆ ನೇತುಬಿದ್ದೆ.

ದ್ವಾದಶಿ ಬೆಳಗ್ಗೆ ಅಜ್ಜಿ ಸ್ನಾನ ಮುಗಿಸಿ, ಮೊದಲ ಎಲೆಯನ್ನು ಉಂಡೆಯ ಮುಂದೆ ಹಿಡಿದರು. "ಬಾ, ಪಾರಣೆ ಮಾಡು." ಅದು ಮುಖ ತಿರುಗಿಸಿತು. ಹಲ್ಲು ಕಟಕಟ ಕಡಿಯಿತು. ವಾರಿಜಾ ಗೂಡನ್ನು ಬಗ್ಗಿ ನೋಡಿದಳು. "ಅಜ್ಜೀ, ನಿನ್ನೆಯಿಂದ ಒಂದು ಹಿಕ್ಕೇನೂ ಹಾಕಿಲ್ಲ. ಇದು ಉಪವಾಸ ಅಲ್ಲ!"

ಅಜ್ಜಿಯ ಕೈಯಿಂದ ಎಲೆ ಬಿತ್ತು. ತಟ್ಟೆ ಹಾಕಿತ್ತು, ಪಲ್ಯ ಹಬೆಯಾಡುತ್ತಿತ್ತು. ಅವರು ಕೂರಲಿಲ್ಲ. "ಅದು ತಿನ್ನೋವರೆಗೂ ನನ್ನ ಬಾಯಿಗೂ ಏನೂ ಬೇಡ. ನಡಿ ಆಸ್ಪತ್ರೆಗೆ."

ಆಟೋದವನು ಬರಲಿಲ್ಲ. ಮೊಲ ಹೊರಲು ಡಬ್ಬ ಇರಲಿಲ್ಲ. ಸರಿ, ನನ್ನನ್ನು ಇಳಿಸಿದರು.

ನನ್ನೊಳಗೆ ಮೊದಲ ಸಲ ಬಿಸಿಯಾದದ್ದೊಂದು ಬಂದು ಕೂತಿತು. ಅದಕ್ಕೆ ಎದೆ ಬಡಿಯುತ್ತಿತ್ತು. ಯಾವ ಕುಂಬಳಕಾಯಿಗೂ ನಾನು ಅದನ್ನು ಕಂಡಿರಲಿಲ್ಲ. ಇದನ್ನೂ ಕೊಚ್ಚುತ್ತಾರೆಯೇ? ಅಥವಾ ಇದು ನೆಂಟರೇ? ಕೇಳೋಣವೆಂದರೆ ನನಗೆ ಬಾಯಿ ಇರುವುದು ತುಂಬಿಸಿಕೊಳ್ಳಲು ಮಾತ್ರ.

ಸಿಟಿ ಬಸ್ಸು ಕಿಕ್ಕಿರಿದಿತ್ತು. ಬಸ್ಸು ಗುಡುಗಿದರೆ ಮೊಲ ನಡುಗುವುದು, ಮೊಲ ನಡುಗಿದರೆ ನಾನು, ನಾನು ನಡುಗಿದರೆ ಹಸಿದ ಅಜ್ಜಿಯ ಕೈ. ಯಾರ ನಡುಕ ಯಾರದ್ದೆಂದು ಗೊತ್ತಾಗದೆ ಮೂವರೂ ಕಂಬಿ ಹಿಡಿದು ನಿಂತೆವು. ಅಜ್ಜಿ ಸೆರಗನ್ನು ನನ್ನ ಮೇಲೆ ಹೊದಿಸಿದ್ದರು.

"ಒಳಗಡೆ ಬನ್ನಿ, ಒಳಗಡೆ ಬನ್ನೀ... ಅಜ್ಜಿ, ಬುಟ್ಟೀಲೇನು?" ಕಂಡಕ್ಟರ್ ಮೂಗಿನಿಂದಲೇ ಮಾತಾಡುವ ಆಸಾಮಿ.

"ಸೊಪ್ಪು."

ಸೊಪ್ಪು ಸೀನಿತು.

"ಸೊಪ್ಪಿಗೆ ನೆಗಡೀನಾ?" ಅವನು ಸೆರಗೆತ್ತಿದ. ಎರಡು ಕಿವಿ ಮೇಲೆ ಬಂದವು. "ಓಹೋ! ಇದು ಗಂಡೋ ಹೆಣ್ಣೋ? ಹೆಣ್ಣಾದ್ರೆ ಫ್ರೀ, ಗಂಡಾದ್ರೆ ಟಿಕೆಟ್ ಮಾಡಿಸ್ಬೇಕು."

ಬಸ್ಸಿಗೆ ಬಸ್ಸೇ ಪಂಚಾಯಿತಿಗೆ ಕೂತಿತು. "ಕಣ್ಣು ನೋಡ್ರೀ, ಹೆಣ್ಣೇ." "ಮೀಸೆ ಇದೆಯಲ್ರೀ!" "ಮೀಸೆ ನಮ್ಮತ್ತೆಗೂ ಇದೆ, ಸುಮ್ನಿರಯ್ಯ."

"ಆಧಾರ್ ಕಾರ್ಡ್ ತೋರಿಸ್ಲಿ, ಗೊತ್ತಾಗುತ್ತೆ" ಅಂದ ಕಂಡಕ್ಟರ್.

"ಆಧಾರಾನೂ ಇಲ್ಲ, ಆಹಾರಾನೂ ಇಲ್ಲ ಸಾರ್" ಅಂದಳು ವಾರಿಜಾ. "ನಿನ್ನೆಯಿಂದ ಊಟ ಬಿಟ್ಟಿದೆ. ಅಜ್ಜೀನೂ ಬಿಟ್ಟಿದಾರೆ. ಪಶು ಆಸ್ಪತ್ರೆಗೆ ಹೊರಟಿದೀವಿ."

ಕಂಡಕ್ಟರನ ದನಿ ಮೂಗಿನಿಂದ ಎದೆಗಿಳಿಯಿತು. "ಏಯ್, ಜಾಗ ಬಿಡ್ರಪ್ಪಾ, ಪೇಷೆಂಟ್ ಇದೆ! ಡ್ರೈವರಣ್ಣಾ, ಹಂಪ್ ಹತ್ರ ನಿಧಾನ!" ಅಜ್ಜಿಗೆ ಸೀಟು ಸಿಕ್ಕಿತು. ಪೇಷೆಂಟ್ ಯಾರು, ಅಜ್ಜಿಯೋ ಮೊಲವೋ, ಹಿಂದಿನ ಸೀಟಿನವರಿಗೆ ಇಳಿಯುವವರೆಗೂ ಸ್ಪಷ್ಟವಾಗಲಿಲ್ಲ.

ಆಸ್ಪತ್ರೆಯಲ್ಲಿ ನಮ್ಮ ಮುಂದೊಂದು ಮೇಕೆ, ಹಿಂದೊಂದು ನಾಯಿ. ನಾಯಿ ಬೊಗಳಿದಾಗಲೆಲ್ಲ ಉಂಡೆ ನನ್ನ ಸಡಿಲ ಪಕ್ಕಕ್ಕೆ ಮುಖ ತೂರಿಸಿ ಉಸಿರು ಬಿಗಿಹಿಡಿಯುತ್ತಿತ್ತು. ಡಾಕ್ಟರಮ್ಮ ಅದರ ಹೊಟ್ಟೆ ಒತ್ತಿ, ಕಿವಿಗೊಟ್ಟು ಕೇಳಿದರು. "ಏನು ತಿನ್ನಿಸಿದ್ರಿ?"

"ಹೂರಣ. ಒಂದೇ ಒಂದು ಉಂಡೆ" ಅಂದರು ಅಜ್ಜಿ.

"ಮೊಲಕ್ಕೆ ಸಿಹಿ ಆಗಲ್ಲ ಅಜ್ಜಿ, ಹೊಟ್ಟೆ ನಿಂತುಬಿಡುತ್ತೆ. ತಿನ್ನದೇ ಇದ್ದ ದಿನವೇ ಕರ್ಕೊಂಡು ಬರಬೇಕಿತ್ತು."

"ಅದು ಏಕಾದಶಿ ಮಾಡ್ತಿದೆ ಅಂತ..."

ಡಾಕ್ಟರಮ್ಮ ನಗಲಿಲ್ಲ. "ಅದು ಊಟ ಬಿಟ್ಟಿದ್ದಲ್ಲ ಅಜ್ಜಿ. ತಿನ್ನೋಕೆ ಆಗದೆ ಕೂತಿದ್ದು." ಸೂಜಿ ಚುಚ್ಚಿದರು, ಬಾಯಿಗೆ ಔಷಧಿ ಬಿಟ್ಟರು, ಹೊಟ್ಟೆ ನೀವುವುದನ್ನು ವಾರಿಜಾಗೆ ಕಲಿಸಿದರು. "ತಾನಾಗೇ ತಿಂದು ಹಿಕ್ಕೆ ಹಾಕಿದ್ರೆ ಗೆದ್ದ ಹಾಗೆ. ಸಂಜೆಯೊಳಗೆ ಏನೂ ಆಗದಿದ್ರೆ ಮತ್ತೆ ಬನ್ನಿ."

ವಾಪಸ್ ಬಸ್ಸಿನಲ್ಲಿ ಅಜ್ಜಿ ನನ್ನನ್ನು ತೊಡೆಯ ಮೇಲಿಟ್ಟುಕೊಂಡರು. ವಾರಿಜಾ ನೀರಿನ ಬಾಟಲಿ ಚಾಚಿದಳು, ಅಜ್ಜಿ ತಲೆಯಾಡಿಸಿದರು. "ಕೈಮುಗಿಸಿದೆನಲ್ಲೇ ಅದಕ್ಕೆ, ನೋವು ತಿಂತಿದ್ದಾಗ" ಅಂದರು. ಒಂದು ಹನಿ ನನ್ನ ಹಿಡಿಯ ಮೇಲೆ ಬಿತ್ತು.

ಆಗ ನನ್ನ ಎಡಪಕ್ಕದಲ್ಲಿ ಏನೋ ಎಳೆದಂತಾಯಿತು. ನಿನ್ನೆಯ ಅಗಸೆ ಕಡ್ಡಿಯೊಂದು ಗ್ರೇಸಿ ಟೀಚರ ಸಡಿಲ ಗಂಟಿನಲ್ಲಿ ಸಿಕ್ಕಿಕೊಂಡೇ ಇತ್ತು, ಬಾಡಿದ ಎಲೆಗಳ ಸಮೇತ. ಉಂಡೆ ಮೂಸಿತು. ಬಿಟ್ಟಿತು. ಮತ್ತೆ ಮೂಸಿತು. ಕರ್.

ಸದ್ದು ನಿಂತಿತು. ನಾನು ಗಂಟುಗಂಟಿನಲ್ಲೂ ಕಾದೆ. ಕರ್, ಕರ್, ಕರ್. ಎರಡು ನಿಲ್ದಾಣ ದಾಟುವಷ್ಟರಲ್ಲಿ ನನ್ನ ತಳಕ್ಕೆ ಸಾಸಿವೆ ಡಬ್ಬಿ ಮಗುಚಿದ ಹಾಗೆ ಏನೋ ಉದುರಿತು.

ಅಜ್ಜಿ ಬಗ್ಗಿ ನೋಡಿದರು. ಜನ್ಮವಿಡೀ ಮಡಿ ಮಾಡಿದ ಹೆಂಗಸು, ತುಂಬಿದ ಬಸ್ಸಿನಲ್ಲಿ ಕೂಗಿದರು: "ಹಿಕ್ಕೆ ಹಾಕ್ತು ಕಣೇ ವಾರಿಜಾ! ಹಿಕ್ಕೆ!"

ಆಮೇಲೆ ಅವರು ಮಾಡಿದ್ದು ನನಗೆ ಇವತ್ತಿಗೂ ಅರ್ಥವಾಗಿಲ್ಲ. ಹೊರಗಿನ ನೀರು ಮುಟ್ಟದವರು, ಎಂಜಲು ಸೋಕಿದರೆ ಮತ್ತೆ ಸ್ನಾನ ಮಾಡುವವರು, ಕೈ ಹಾಕಿ ಉಂಡೆ ಅರ್ಧ ತಿಂದು ಬಿಟ್ಟ ಎಲೆಯನ್ನು ಕಿತ್ತು ಕಣ್ಣಿಗೊತ್ತಿಕೊಂಡು ಬಾಯಿಗೆ ಹಾಕಿಕೊಂಡರು. ಕಹಿಗೆ ಮುಖ ಕಿವುಚಿದರು. ಅಗಿದು ನುಂಗಿದರು. ಆಮೇಲೆ ಬಾಟಲಿಗೆ ಕೈ ಚಾಚಿದರು.

ನನಗೆ ಅಂದಿನಿಂದ ಅಡುಗೆಮನೆ ನಿಷಿದ್ಧ. ಎಂಜಲೆಲೆ ತಿಂದ ಅಜ್ಜಿಗೆ ಪ್ರವೇಶವಿದೆ, ಹೊತ್ತ ಬುಟ್ಟಿಗಿಲ್ಲ. ನ್ಯಾಯ ಕೇಳುವುದು ಯಾರನ್ನು? ಈಗ ಮೆಟ್ಟಿಲ ಕೆಳಗೆ ಮಗ್ಗುಲಾಗಿ ಬಿದ್ದಿದ್ದೇನೆ. ಒಂದು ಹಿಡಿ ಕಿತ್ತುಹೋಗಿದೆ, ಹಳದಿ ಮಾಸಿದೆ. ಒಳಗೆ ಉಂಡೆ ಮಲಗುತ್ತದೆ. ನಾನು ಬುಟ್ಟಿಯೋ, ಬಂಡಿಯೋ, ಮನೆಯೋ, ತೀರ್ಮಾನವಾಗಿಲ್ಲ. ಆದರೆ ನನ್ನೊಳಗೆ ಹೋದದ್ದೊಂದು ತಿರುಗಿ ಬಂದಿದೆ, ಅಷ್ಟು ಸಾಕು.

ಏಕಾದಶಿ ಈಗಲೂ ತಪ್ಪುವುದಿಲ್ಲ. ಆವತ್ತು ಬೆಳಗ್ಗೆ ಅಜ್ಜಿ ಮಂಡಿ ಹಿಡಿದುಕೊಂಡು ನನ್ನ ಪಕ್ಕ ಕೂರುತ್ತಾರೆ, ಒಂದು ಹಿಡಿ ಹುಲ್ಲು ಒಳಗಿಟ್ಟು ತಮ್ಮ ಕಿವಿಯನ್ನು ಹತ್ತಿರ ತರುತ್ತಾರೆ. ಕರ್, ಕರ್, ಕರ್. ಆ ಸದ್ದು ಕೇಳಿದ ಮೇಲೆಯೇ ಅವರ ಉಪವಾಸ ಶುರು.