ಎರಡು ಸಲ ಓದಿದ ಹೆಸರು

ನಾಲಗೆಗೆ ಮುಟ್ಟಿಸಿ ಒದ್ದೆ ಮಾಡಿದ ನೇರಳೆ ಪೆನ್ಸಿಲ್ಲೂ ಜೇನುಮೇಣದ ಬತ್ತಿಯೂ ಸೇರಿ ಒಂದು ವಾಸನೆ ಹುಟ್ಟುತ್ತಿತ್ತು. ಸಾವೇತಾಳಿಗೆ ಬಾಲ್ಯವೆಂದರೆ ಆ ವಾಸನೆ. ಅಮ್ಮನಿಗೆ ಓದುಬರಹ ಬಾರದು. ಹಾಗಾಗಿ ಹೋದವರನ್ನು ನೆನೆಯುವ ಹಿರಿಯರ ಶನಿವಾರ ಬಂತೆಂದರೆ, ಗುಡಿಯಲ್ಲಿ ಓದಿಸಲೆಂದು ಅಡುಗೆಮನೆಯ ಮೇಜಿನ ಮೇಲೆ ಕಾಗದ ಹಾಸಿ, ಮೇಲೊಂದು ಶಿಲುಬೆ ಬರೆದು, ನಡುವೆ ಗೆರೆ ಎಳೆದು, ಒಂದು ಮಗ್ಗುಲಲ್ಲಿ ಬದುಕಿರುವವರನ್ನೂ ಇನ್ನೊಂದು ಮಗ್ಗುಲಲ್ಲಿ ಹೋದವರನ್ನೂ ಬರೆಯುವ ಕೆಲಸ ಮಗಳ ಪಾಲಿನದು. ಅಮ್ಮ ಒಲೆಯ ಮುಂದೆ ನಿಂತು ಹೆಸರು ಹೇಳುತ್ತಿದ್ದಳು. ಬರೀ ಹೆಸರು. ದೇವರಿಗೆ ಮನೆತನದ ಹೆಸರು ಬೇಕಿಲ್ಲವಂತೆ.

ಈಗ ಸಾವೇತಾಳಿಗೆ ಐವತ್ಮೂರು. ಬ್ರಾದು ಮಠಕ್ಕೆ ಹೋಗುವ ಬಸ್ಸಿನಲ್ಲಿ ತೊಡೆಯ ಮೇಲೆ ಕಾಗದ ಇಟ್ಟುಕೊಂಡು ಕೂತಿದ್ದಳು. ಗೆರೆಯ ಎರಡೂ ಕಡೆ ಹೆಸರುಗಳಿದ್ದವು. ಒಂದು ಹೆಸರು ಮಾತ್ರ ಎಲ್ಲೂ ಇರಲಿಲ್ಲ.

“ಇನ್ನೂ ಬರೀತಾನೇ ಇದೀಯೇನೇ?” ಎಂದಳು ಪಕ್ಕದಲ್ಲಿ ಕೂತ ಕತಿಂಕ. ಅವಳು ಸಾವೇತಾಳಿಗಿಂತ ಎಂಟು ವರ್ಷ ದೊಡ್ಡವಳು, ಪಕ್ಕದ ಮನೆಯ ವಿಧವೆ. “ಮೂವತ್ತು ವರ್ಷ ಊರ ಮಕ್ಕಳಿಗೆಲ್ಲ ಅಕ್ಷರ ತಿದ್ದಿಸಿದ ಟೀಚರಮ್ಮ, ಹತ್ತು ಹೆಸರು ಬರೆಯೋಕೆ ಇಷ್ಟು ಹೊತ್ತಾ!”

“ಬಸ್ಸು ಕುಲುಕ್ತಾ ಇದೆ ಅಕ್ಕ.”

“ಬಸ್ಸು ನಿಂತು ಐದು ನಿಮಿಷ ಆಯ್ತು. ಏಳು ಮೇಲೆ. ನಿಮ್ಮಣ್ಣ ಇದ್ದಿದ್ರೆ ನಾನು ನಿನಗೆ ಅತ್ತಿಗೆ ಆಗಿರ್ತಿದ್ದೆ, ಜುಟ್ಟು ಹಿಡಿದು ಬರೆಸ್ತಿದ್ದೆ.”

ಹೊರಗೆ ನವೆಂಬರಿನ ಮಂಜು. ಮಠದ ಗೋಡೆ ಕಾಣುತ್ತಿರಲಿಲ್ಲ. ಅದರೊಳಗಿನ ಗಂಟೆ ಮಾತ್ರ ಕೇಳುತ್ತಿತ್ತು. ಹೆಂಗಸರು ಬುಟ್ಟಿಗಳನ್ನು ಎತ್ತಿಕೊಂಡು ಒಬ್ಬೊಬ್ಬರೇ ಆ ಬಿಳುಪಿನೊಳಗೆ ಕರಗಿದರು. ಕತಿಂಕಳ ಬುಟ್ಟಿ ಭಾರವಾಗಿತ್ತು. ಸಾವೇತಾ ಒಂದು ಕಡೆಯ ಹಿಡಿಕೆ ಹಿಡಿಯಲು ಹೋದರೆ ಅವಳು ಬಿಡಲಿಲ್ಲ.

ಸಾವೇತಾ ಬರಿಗೈಲಿ ಬಂದಿದ್ದಳು. ಹಿರಿಯರ ಶನಿವಾರ ಹೋದವರ ಹೆಸರಿನಲ್ಲಿ ಊಟ ಕೊಡಬೇಕು. ಅಮ್ಮನ ಹೆಸರಿನ ಊಟವನ್ನು ಊರ ಗುಡಿಯಲ್ಲೇ ಕೊಟ್ಟಾಗಿತ್ತು. ಅಣ್ಣನ ಹೆಸರಿನಲ್ಲಿ ಕೊಡುವುದು ಹೇಗೆ? ಬದುಕಿರುವವನ ಹೆಸರಿನಲ್ಲಿ ಅಂಥ ಊಟ ಕೊಟ್ಟರೆ ಅವನ ಆಯಸ್ಸು ಕರಗುತ್ತದೆ. ಸತ್ತವನಿಗೆ ಕೊಡದೆ ಹೋದರೆ ಅವನು ಆ ಕಡೆ ಕತ್ತಲಲ್ಲಿ ದೀಪವಿಲ್ಲದೆ, ತುತ್ತಿಲ್ಲದೆ ಅಲೆಯುತ್ತಾನೆ. ನಲವತ್ತೆರಡು ವರ್ಷಗಳಿಂದ ಅಣ್ಣ ಇಲಾರಿಯೆ ಈ ಎರಡರ ನಡುವೆ ನಿಂತಿದ್ದ. ಅಮ್ಮ ಪ್ರತಿ ವರ್ಷವೂ ಅವನನ್ನು ಬದುಕಿರುವವರ ಕಡೆಯೇ ಬರೆಸಿದಳು. ಕಳೆದ ಚಳಿಗಾಲದಲ್ಲಿ ಕಣ್ಣು ಮುಚ್ಚುವಾಗಲೂ ಹೇಳಿದ್ದು ಅದನ್ನೇ: “ಅವನನ್ನ ಆ ಕಡೆಗೆ ಹಾಕ್ಬೇಡ.”

ಅಮ್ಮ ಹೋದಂದಿನಿಂದ ಮನೆಯಲ್ಲಿ ಯಾರೋ ಇದ್ದರು. ಸಾವೇತಾ ಊಟಕ್ಕೆ ಕೂತರೆ ಬಾಗಿಲಾಚೆ ಬೂಟಿನ ಕೆಸರು ಕೆರೆಯುವ ಸದ್ದು. ಎದ್ದು ತೆರೆದರೆ ಅಂಗಳ ಖಾಲಿ. ಒಳಗೆ ಬರಲು ಅಪ್ಪಣೆ ಕೇಳುವವನ ಹಾಗೆ, ದಿನಾ ಅದೇ ಹೊತ್ತಿಗೆ.

ದೇವಾಲಯದ ಒಳಗೆ ಎಡಬಲಕ್ಕೆ ಅರಸರ ಸಮಾಧಿಗಳು. ಒಂದೊಂದರ ತಲೆಯ ಬಳಿ ಒಂದೊಂದು ದೀಪ. ಕಿಟಕಿಯ ಪಕ್ಕದ್ದು ರಾಣಿಯದು. ಅಂಚಿನ ಸುತ್ತ ಹೂಬಳ್ಳಿ, ಅದರೊಳಗೆ ಅಕ್ಷರಗಳು: ಇಂಥವಳು, ಇಂಥವನ ಮಗಳು, ತೀರಿಕೊಂಡದ್ದು... ಅಲ್ಲಿಂದ ಮುಂದೆ ನುಣುಪಾದ ಬರಿ ಕಲ್ಲು. ತಾರೀಖು ಕೆತ್ತಲು ಬಿಟ್ಟ ಜಾಗದಲ್ಲಿ ಐನೂರು ವರ್ಷವಾದರೂ ಯಾರೂ ಉಳಿ ಇಟ್ಟಿಲ್ಲ. ತನ್ನ ತಾರೀಖು ಕೇಳುತ್ತ ರಾಣಿ ಮನೆಮನೆಗೆ ಬರುತ್ತಾಳೆಂದು ಚಿಕ್ಕವಳಿದ್ದಾಗ ಅಣ್ಣ ಹೆದರಿಸುತ್ತಿದ್ದ. ಇವತ್ತಿಗೂ ಸಾವೇತಾ ಆ ಕಲ್ಲಿನ ಎದುರು ಹಾಯದೆ ಸುತ್ತುಬಳಸಿ ನಡೆದಳು.

ಆ ಸಮಾಧಿಯ ಮಗ್ಗುಲಲ್ಲೇ ಮೇಜು ಹಾಕಿಕೊಂಡು ಸನ್ಯಾಸಿನಿ ಪೆಲಾಗಿಯಾ ಹೆಸರಿನ ಕಾಗದಗಳನ್ನು ತೆಗೆದುಕೊಳ್ಳುತ್ತಿದ್ದರು. ಎಂಬತ್ತು ದಾಟಿದ ಜೀವ, ಕಪ್ಪು ಮುಸುಕಿನೊಳಗೆ ಸೇಬಿನಂಥ ಮುಖ.

“ಕೊಡು ಮಗಳೇ.”

“ಒಂದು ಹೆಸರು ಬಾಕಿ ಇದೆ ತಾಯೀ.”

“ಬರಿ ಮತ್ತೆ. ಪೆನ್ಸಿಲ್ ಬೇಕಾ?”

ಪೆನ್ಸಿಲ್ ಹಿಡಿದ ಕೈ ಗೆರೆಯ ಮೇಲೆಯೇ ನಿಂತುಬಿಟ್ಟಿತು. ಹಿಂದಿನ ಸಾಲು ಬೆಳೆಯಿತು. ಪೆಲಾಗಿಯಾ ಅವಸರ ಮಾಡಲಿಲ್ಲ. ಪಕ್ಕದಲ್ಲಿದ್ದ ಕಿರಿಯ ಸನ್ಯಾಸಿನಿಗೆ ಸಾಲು ನೋಡಿಕೊಳ್ಳಲು ಹೇಳಿ, ಸಾವೇತಾಳನ್ನು ಕಿಟಕಿಯ ಹತ್ತಿರ ಕೂರಿಸಿ, ತಾವು ಹೊದ್ದಿದ್ದ ಉಣ್ಣೆಯ ಶಾಲನ್ನು ಅವಳ ಮಂಡಿಗೆ ಹೊದಿಸಿದರು.

“ಯಾರು ಅದು?”

“ನಮ್ಮಣ್ಣ. ನಾನೇ ಅವನನ್ನ ಕೊಂದೆ ತಾಯೀ.”

ಯಾರಿಗೂ ಹೇಳದಿದ್ದ ಮಾತು. ಆಡಿದ ಮೇಲೆ ನಿಲ್ಲಿಸಲಾಗಲಿಲ್ಲ. ಆಗ ಅವಳಿಗೆ ಹನ್ನೊಂದು, ಅಣ್ಣನಿಗೆ ಇಪ್ಪತ್ತು. ಅಜ್ಜನ ಹೆಸರೂ ಇಲಾರಿಯೆ. ಮೊಮ್ಮಗನಿಗೆ ಅದನ್ನೇ ಇಟ್ಟಿದ್ದರು. ಅಮ್ಮ ಒಮ್ಮೆ ಅಜ್ಜನಿಗಾಗಿ ಇಲಾರಿಯೆ ಎಂದಳು, ಒಮ್ಮೆ ಅಣ್ಣನಿಗಾಗಿ ಇಲಾರಿಯೆ ಎಂದಳು. ಹೊರಗೆ ಅಣ್ಣ ಸಿಳ್ಳೆ ಹಾಕಿ, ವಾಲ್‌ನಟ್ ಉದುರಿಸೋಣ ಬಾ ಎಂದು ಕರೆಯುತ್ತಿದ್ದ. ಓಡುವ ಆತುರದಲ್ಲಿ ಹುಡುಗಿ ಎರಡನ್ನೂ ಸತ್ತವರ ಕಡೆಗೇ, ಒಂದರ ಕೆಳಗೊಂದು ಬರೆದಳು. ತಪ್ಪು ಗೊತ್ತಾದದ್ದು ಗುಡಿಯಲ್ಲಿ, ಪಾದ್ರಿ ಗಟ್ಟಿಯಾಗಿ ಓದಿದಾಗ: ಇಲಾರಿಯೆ, ಇಲಾರಿಯೆ. ಅಮ್ಮ ಹೋದವರಿಗೆಂದು ಬೇಯಿಸಿದ ಗೋಧಿಯ ತಟ್ಟೆ ಹಿಡಿದು ತಲೆ ತಗ್ಗಿಸಿ ನಿಂತಿದ್ದಳು. ಅವಳ ಗಮನಕ್ಕೆ ಬರಲಿಲ್ಲ. ಅದರ ಮುಂದಿನ ಬುಧವಾರ ನಡುಮಧ್ಯಾಹ್ನ ಸೈನಿಕರ ಲಾರಿ ಬಂತು. ಸೌದೆ ಸೀಳುತ್ತಿದ್ದ ಅಣ್ಣನನ್ನು ಹತ್ತಿಸಿಕೊಂಡು ಹೋದರು. ಕೊಡಲಿ ಮರದ ತುಂಡಿನಲ್ಲಿ ನೆಟ್ಟಂತೆಯೇ ಇತ್ತು.

“ಅಮ್ಮನಿಗೂ ಹೇಳಲಿಲ್ಲ,” ಎಂದಳು ಸಾವೇತಾ. “ಈಗ ಇನ್ನೊಂದು ಸಲ ಅದೇ ಕಡೆ ಬರೆದರೆ... ಅವನು ಎಲ್ಲೋ ಬದುಕಿದ್ರೆ? ಸೈಬೀರಿಯಾದಲ್ಲೋ, ಇನ್ನೆಲ್ಲೋ?”

ಪೆಲಾಗಿಯಾ ರಾಣಿಯ ಕಲ್ಲಿನ ಮೇಲೆ, ಪರಿಚಯದ ಹಸುವಿನ ಬೆನ್ನು ತಟ್ಟುವ ಹಾಗೆ, ಅಂಗೈ ತಟ್ಟಿದರು.

“ಈ ಮಹಾತಾಯಿ ಬದುಕಿದ್ದಾಗಲೇ ಈ ಕಲ್ಲು ಕೆತ್ತಿಸ್ಕೊಂಡ್ಳು. ಅವತ್ತಿನಿಂದಲೇ ನನ್ನ ಹೆಸರು ಸತ್ತವರ ಜೊತೆ ಓದಿ ಅಂತ ಹಟ ಹಿಡಿದ್ಳಂತೆ. ಓದಿದ್ರು, ದಿನಾ ಓದಿದ್ರು. ಇಪ್ಪತ್ತೆಂಟು ವರ್ಷ ಗುಂಡುಕಲ್ಲಿನ ಹಾಗಿದ್ಳು. ಕೊನೆಗೆ ಹೋದಾಗ ಟಾಟರ್ ದಂಡು ಬಂದು, ಕೆತ್ತೋರೆಲ್ಲ ಕಾಡು ಸೇರಿದ್ರು. ಅದಕ್ಕೆ ತಾರೀಖಿಲ್ಲ. ದೆವ್ವಗಿವ್ವ ಏನೂ ಇಲ್ಲ.”

ಸಾವೇತಾ ಕಣ್ಣೊರೆಸಿಕೊಂಡಳು.

“ಹೆಸರು ಯಾರನ್ನೂ ಕೊಲ್ಲಲ್ಲ ಮಗಳೇ. ಲಾರಿ ತಂದೋರು ಕೊಂದ್ರು. ಅವನು ಇದಾನೋ ಇಲ್ವೋ ನನಗೆ ಗೊತ್ತಿಲ್ಲ, ಸುಳ್ಳು ಯಾಕೆ ಹೇಳ್ಲಿ? ನಿನಗೇನನ್ಸುತ್ತೆ? ನಿಮ್ಮಮ್ಮನಿಗಲ್ಲ, ನಿನಗೆ.”

ಬಾಗಿಲಾಚೆ ಕೆಸರು ಕೆರೆಯುವ ಆ ಬೂಟುಗಳು ನೆನಪಾದವು. ಬದುಕಿರುವವನು ಹಾಗೆ ಕಾಯುವುದಿಲ್ಲ. ಬಾಗಿಲು ತಳ್ಳಿ ಬರುತ್ತಾನೆ.

ಅವಳು ಪೆನ್ಸಿಲ್ ತುದಿಯನ್ನು ನಾಲಗೆಗೆ ಮುಟ್ಟಿಸಿ, ಸತ್ತವರ ಕಡೆ, ಅಜ್ಜನ ಹೆಸರಿನ ಕೆಳಗೆ, ಶಾಲೆಯ ಹಲಗೆಯ ಮೇಲೆ ಬರೆಯುವಷ್ಟು ದುಂಡಗೆ ಬರೆದಳು. ಮನಸ್ಸಿನಲ್ಲಿ ಅಮ್ಮನ ಕ್ಷಮೆ ಕೇಳಿದಳು. ಕಾಗದವನ್ನು ಪೆಲಾಗಿಯಾರ ಕೈಗೆ ಕೊಟ್ಟಳು.

ಓದುವುದು ಬಹಳ ಹೊತ್ತು ನಡೆಯಿತು. ನೂರಾರು ಹೆಸರುಗಳು ಚಾವಣಿಗೆ ಏರಿ, ಅರಸರ ಕಲ್ಲುಗಳ ಮೇಲೆ ಇಳಿದವು. ಆಮೇಲೆ ಅವಳ ಕಾಗದ ಬಂತು. “ಇಲಾರಿಯೆ, ಇಲಾರಿಯೆ.” ಹಿಂದಿನಿಂದ ತಣ್ಣನೆಯ ಗಾಳಿ ಬಂದು ಕತ್ತಿಗೆ ತಾಗಿತು. ದೀಪಗಳು ಒಮ್ಮೆಗೇ ಒಂದು ಕಡೆ ವಾಲಿದವು. ಯಾರೋ ಒಳಗೆ ಬಂದು ಅವಳ ಬೆನ್ನಿಗೆ ನಿಂತ ಹಾಗಾಯಿತು. ಸೀಳಿದ ಹಸಿ ಸೌದೆಯ ವಾಸನೆ. ಅವಳು ತಿರುಗಿ ನೋಡಲಿಲ್ಲ. ಸ್ವಲ್ಪ ಸರಿದು ಜಾಗ ಬಿಟ್ಟಳು.

ಪೂಜೆ ಮುಗಿದ ಮೇಲೆ ಅಂಗಳದಲ್ಲಿ ಹೆಂಗಸರು ಊಟ ಕೊಡಲು ತೊಡಗಿದರು. ಸಾವೇತಾ ಖಾಲಿ ಕೈಗಳನ್ನು ಕೋಟಿನ ಜೇಬಿಗೆ ಹಾಕಿಕೊಂಡು ಗೋಡೆಗೆ ಒರಗಿದಳು. ಹೆಸರು ಓದಿಸಿದ್ದಾಯಿತು. ಕೊಡಲು ಒಂದು ತುಂಡು ರೊಟ್ಟಿಯೂ ಇಲ್ಲ. ನಲವತ್ತೆರಡು ವರ್ಷ ಹಸಿದವನು ಇನ್ನೊಂದು ವರ್ಷ ಕಾಯಬೇಕು.

ಕತಿಂಕ ಬಂದು ಬುಟ್ಟಿಯನ್ನು ಅವಳ ಕಾಲ ಬಳಿ ಕುಕ್ಕಿದಳು.

“ಟೀಚರಮ್ಮನಿಗೆ ಬರೆಯೋದೂ ನಿಧಾನ, ಅಡುಗೆ ಮಾಡೋದೂ ಮರೆವು. ತಗೋ.”

ಬಟ್ಟೆ ಸರಿಸಿದರೆ ಒಂದೇ ಥರದ ಎರಡು ಹೊಸ ಮಣ್ಣಿನ ಬಟ್ಟಲುಗಳು. ಎರಡರಲ್ಲೂ ಅಕ್ಕಿ ಮಾಂಸ ತುಂಬಿ ಸುತ್ತಿದ ಎಲೆಕೋಸು, ಪಕ್ಕಕ್ಕೆ ರೊಟ್ಟಿ, ರೊಟ್ಟಿಗೆ ಚುಚ್ಚಿದ ಬತ್ತಿ.

“ಒಂದು ನಮ್ಮ ಯಜಮಾನರದು,” ಎಂದಳು ಕತಿಂಕ, ಬೇರೆ ಕಡೆ ನೋಡುತ್ತ. “ಇನ್ನೊಂದನ್ನ ಪ್ರತಿ ವರ್ಷ ತರ್ತೀನಿ. ನಿಮ್ಮಮ್ಮ ಇರೋವಾಗ ಹೇಗೆ ಕೊಡ್ಲಿ? ವಾಪಸ್ ಒಯ್ದು ನಾನೇ ತಿಂತಿದ್ದೆ. ನೋಡು, ಅದಕ್ಕೇ ಹೀಗೆ ಊದಿಕೊಂಡಿದೀನಿ.”

ಸಾವೇತಾ ಒಂದು ಬಟ್ಟಲನ್ನು ಎರಡೂ ಕೈಯಲ್ಲಿ ಎತ್ತಿಕೊಂಡಳು. ಕತಿಂಕ ಬೆಂಕಿಕಡ್ಡಿ ಗೀರಿ, ಗಾಳಿಗೆ ಅಂಗೈ ಅಡ್ಡ ಹಿಡಿದು ಬತ್ತಿ ಹೊತ್ತಿಸಿಕೊಟ್ಟಳು.

ಬಾವಿಕಟ್ಟೆಯ ಮೇಲೆ ಕಾಡಿನ ಕೆಲಸದ ಮುದುಕನೊಬ್ಬ ಕೂತಿದ್ದ. ಅರವತ್ತು, ಅರವತ್ತೆರಡು ಇರಬಹುದು. ಸಾವೇತಾ ಅವನ ಎದುರು ಹೋಗಿ ನಿಂತಳು. ಅವನು ಎದ್ದು ಟೋಪಿ ತೆಗೆದ.

“ಇಲಾರಿಯೆಗೆ ಸೇರಲಿ,” ಎಂದಳು.

“ದೇವರು ಅವನನ್ನ ಮನ್ನಿಸಲಿ ತಂಗಿ,” ಎಂದು ಅವನು ಎರಡೂ ಕೈ ಚಾಚಿದ. ಅವಳು ಬತ್ತಿ ಉರಿಯುತ್ತಿದ್ದ ಆ ಬಟ್ಟಲನ್ನು ಅವನ ಅಂಗೈಗಳ ಮೇಲೆ ಇಟ್ಟಳು.